ಫೋನಿನಲ್ಲಿ ಆ್ಯಪ್ ಇದ್ದರೆ ಯಾವ ಭಾಷೆಯನ್ನಾದರೂ ಯಾವ ಭಾಷೆಗಾದರೂ ತರಬಹುದೇ? ಸೈಲೀಷಿಯನ್ ಮತ್ತು ಜುಲಾ ಹೇಳುವ ಕಥೆ

“ಇನ್ನು ದುಭಾಷಿಗಳ ಕಾಲ ಮುಗಿಯಿತು. ಜಗತ್ತಿನ ಯಾವ ಭಾಷೆಯನ್ನಾದರೂ ಒಂದೇ ಕ್ಲಿಕ್‌ನಲ್ಲಿ ಬೇಕಾದ ಭಾಷೆಗೆ ತಪ್ಪಿಲ್ಲದೆ ಬದಲಿಸಬಹುದು.” ಇಂತಹ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ. ಬಟನ್ ಒತ್ತಿದರೆ ಏನೋ ಒಂದು ಉತ್ತರ ಬರುವುದಂತೂ ಹೌದು. ಆದರೆ ಬಂದದ್ದೆಲ್ಲ ಸರಿ ಇರುತ್ತದೆ ಎಂಬುದು ಸುಳ್ಳು. ಇದನ್ನು ಪರೀಕ್ಷಿಸಲು ನಾವು ಬೇಕೆಂದೇ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳನ್ನು ಆರಿಸಿಕೊಂಡಿದ್ದೇವೆ: ಯುರೋಪಿನ ಸೈಲೀಷಿಯನ್ ಮತ್ತು ಪಶ್ಚಿಮ ಆಫ್ರಿಕಾದ ಜುಲಾ.

2024ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಒಮ್ಮೆಗೇ 110 ಹೊಸ ಭಾಷೆಗಳನ್ನು ಸೇರಿಸಿತು. ನಮ್ಮ ತುಳು ಸೇರಿದ್ದು ಆಗಲೇ. ಅದೇ ಪಟ್ಟಿಯಲ್ಲಿ ಸೈಲೀಷಿಯನ್ ಮತ್ತು ಜುಲಾ ಕೂಡ ಇದ್ದವು. ಅದಕ್ಕೂ ಮೊದಲು, 2022ರಲ್ಲಿ, ಮೆಟಾ ಕಂಪನಿ ಬಿಡುಗಡೆ ಮಾಡಿದ 200 ಭಾಷೆಗಳ ಅನುವಾದ ವ್ಯವಸ್ಥೆಯಲ್ಲೂ ಈ ಎರಡೂ ಇದ್ದವು. 200 ಭಾಷೆಗಳೆಂದರೆ ಸುಮಾರು 40 ಸಾವಿರ ಜೋಡಿ ದಿಕ್ಕುಗಳು. ಅವುಗಳಲ್ಲಿ ಸೈಲೀಷಿಯನ್‌ನಿಂದ ಜುಲಾಗೆ ಹೋಗುವುದೂ ಒಂದು.

ಇವು ಯಾರ ಭಾಷೆಗಳು?

ಸೈಲೀಷಿಯನ್ ಮುಖ್ಯವಾಗಿ ಪೋಲೆಂಡ್‌ನ ದಕ್ಷಿಣ ಭಾಗದ, ಕಟೊವಿತ್ಸೆ ನಗರದ ಸುತ್ತಲಿನ ಕಲ್ಲಿದ್ದಲು ಗಣಿಗಳ ಸೀಮೆಯ ಮಾತು. ಪೋಲಿಷ್‌ಗೆ ಹತ್ತಿರದ ಸ್ಲಾವಿಕ್ ಭಾಷೆ. ಆ ಸೀಮೆ ಬಹುಕಾಲ ಜರ್ಮನರ ಆಳ್ವಿಕೆಯಲ್ಲಿ ಇದ್ದುದರಿಂದ ಜರ್ಮನ್ ಪದಗಳು ಧಾರಾಳವಾಗಿ ಸೇರಿವೆ. 2021ರ ಜನಗಣತಿಯಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಮನೆಯಲ್ಲಿ ಇದನ್ನು ಆಡುತ್ತೇವೆ ಎಂದು ಬರೆಸಿದ್ದರು. 2024ರಲ್ಲಿ ಇದಕ್ಕೆ ಪ್ರಾದೇಶಿಕ ಭಾಷೆಯ ಸ್ಥಾನ ಕೊಡುವ ಮಸೂದೆಯನ್ನು ಪೋಲೆಂಡ್ ಸಂಸತ್ತು ಒಪ್ಪಿತು. ಆಗಿನ ಅಧ್ಯಕ್ಷ ಆಂಜೆಯ್ ದೂದಾ ಅದಕ್ಕೆ ಸಹಿ ಹಾಕಲಿಲ್ಲ. ಭಾಷೆಯೋ ಉಪಭಾಷೆಯೋ ಎಂಬ ಜಗಳ ಅಲ್ಲೂ ಇದೆ.

ಜುಲಾ ಬುರ್ಕಿನಾ ಫಾಸೊ, ಐವರಿ ಕೋಸ್ಟ್ ಮತ್ತು ಮಾಲಿಯ ಮಾತು. ಇಂಗ್ಲಿಷ್ ಬರವಣಿಗೆಯಲ್ಲಿ ‘ಡ್ಯೂಲಾ’ ಎಂದು ಕಾಣುವುದು ಇದೇ. ಹೆಸರಿನ ಅರ್ಥವೇ ವ್ಯಾಪಾರಿ. ಮನೆಯಲ್ಲಿ ಬೇರೆ ಮಾತಾಡುವವರು ಕೂಡ ಸಂತೆಗೆ ಬಂದಾಗ ಜುಲಾ ಆಡುತ್ತಾರೆ. ಮಾಲಿಯ ಬಂಬಾರಾ ಇದರ ಅಕ್ಕತಂಗಿ ಭಾಷೆ.

‘ಪದ ಒಂದೇ, ಆದ್ದರಿಂದ ಭಾಷೆ ಒಂದೇ’?

ಸೈಲೀಷಿಯನ್‌ನಲ್ಲಿ ಎರಡು ಎಂದರೆ ‘ದ್ವಾ’. ನಮಗೆ ಸಂಸ್ಕೃತದ ‘ದ್ವಿ’ ನೆನಪಾಗುತ್ತದೆ. ಇದು ಕಾಕತಾಳೀಯವಲ್ಲ, ಎರಡೂ ಇಂಡೋ-ಯುರೋಪಿಯನ್ ಕುಟುಂಬದವು. ಜುಲಾದಲ್ಲಿ ಒಂದು, ಎರಡು, ಮೂರು ಎಂದರೆ ‘ಕೆಲೆನ್, ಫಿಲಾ, ಸಬಾ’. ಇವುಗಳಿಗೂ ಅವುಗಳಿಗೂ ನಂಟಿಲ್ಲ.

ಆದರೆ ‘ಬಾಬಾ’ ಎಂಬ ಪದ ಎರಡರಲ್ಲೂ ಇದೆ! ಫಾರ್ವರ್ಡ್ ಮಾಡುವವರಿಗೆ ಇಷ್ಟು ಸಾಕು. ಆದರೆ ಜುಲಾದಲ್ಲಿ ಬಾಬಾ ಎಂದರೆ ಅಪ್ಪ, ಸೈಲೀಷಿಯನ್‌ನಲ್ಲಿ ಹೆಂಗಸು. ಮಗು ಮೊದಲು ತೊದಲುವುದೇ ಪ, ಬ, ಮ ಅಕ್ಷರಗಳನ್ನು. ಹಾಗಾಗಿ ಅಪ್ಪ, ಅಮ್ಮನಂತಹ ಪದಗಳು ದೂರದೂರದ ಭಾಷೆಗಳಲ್ಲೂ ಒಂದೇ ಥರ ಕೇಳಿಸುತ್ತವೆ. ಅದನ್ನು ನೆಂಟಸ್ತಿಕೆಯ ಸಾಕ್ಷಿ ಎಂದುಕೊಳ್ಳಬಾರದು.

ಎಲ್ಲಿ ಎಡವುತ್ತದೆ?

ಜುಲಾದಲ್ಲಿ ‘ಆ ನಾನಾ’ ಎಂದರೆ ಬಂದ, ಬಂದಳು, ಬಂತು ಮೂರೂ ಆಗುತ್ತದೆ. ‘ಆ’ ಎಂಬ ಒಂದೇ ಪದ ಅವನಿಗೂ ಅವಳಿಗೂ ಅದಕ್ಕೂ ಸಾಕು. ಸೈಲೀಷಿಯನ್‌ನಲ್ಲಿ ಹಾಗಲ್ಲ. ಕನ್ನಡದ ಹಾಗೆ ಅಲ್ಲೂ ಬಂದದ್ದು ಗಂಡೋ ಹೆಣ್ಣೋ ಎಂಬುದು ಕ್ರಿಯಾಪದದಲ್ಲೇ ಗೊತ್ತಾಗಬೇಕು. ಮೂಲದಲ್ಲಿ ಇಲ್ಲದ ಮಾಹಿತಿಯನ್ನು ಯಂತ್ರ ಎಲ್ಲಿಂದ ತಂದೀತು? ಊಹೆ ಮಾಡುತ್ತದೆ. ಅದು ಊಹೆ ಎಂದು ನಮಗೆ ಹೇಳುವುದೂ ಅಪರೂಪ. (ಜುಲಾಕ್ಕೆ ಗಂಡು ಹೆಣ್ಣಿನ ಪರಿವೆಯೇ ಇಲ್ಲ ಎಂದಲ್ಲ. ನಮಸ್ಕಾರ ಹೇಳಿದರೆ ಗಂಡಸರು ‘ನ್‌ ಬಾ’ ಎಂದು, ಹೆಂಗಸರು ‘ನ್‌ ಸೆ’ ಎಂದು ಉತ್ತರಿಸುತ್ತಾರೆ.)

ಜುಲಾದಲ್ಲಿ ಸ್ವರದ ಏರಿಳಿತ ಬದಲಾದರೆ ಪದವೇ ಬದಲಾಗಬಹುದು. ಬರಹದಲ್ಲಿ ಆ ಗುರುತು ಹೆಚ್ಚಾಗಿ ಹಾಕುವುದಿಲ್ಲ. ನಾವು ಇಂಗ್ಲಿಷ್ ಅಕ್ಷರಗಳಲ್ಲಿ ಮೆಸೇಜ್ ಮಾಡುವಾಗ ಬೆಲೆ, ಬೆಳೆ, ಬೇಳೆ ಮೂರೂ ಒಂದೇ ಆಗಿಬಿಡುವ ಹಾಗೆ.

ಸೈಲೀಷಿಯನ್ ಕಡೆಯ ತೊಂದರೆ ಬೇರೆ. ಅಲ್ಲಿ ‘ಗ್ರೂಬಾ’ ಎಂದರೆ ಗಣಿ, ಜರ್ಮನ್‌ನಿಂದ ಬಂದ ಪದ. ಪಕ್ಕದ ಪೋಲಿಷ್‌ನಲ್ಲಿ ಅದೇ ‘ಗ್ರೂಬಾ’ ಎಂದರೆ ದಪ್ಪಗಿರುವವಳು. ಪೋಲಿಷ್ ಚೆನ್ನಾಗಿ ಕಲಿತು ಸೈಲೀಷಿಯನ್ ಅರೆಬರೆ ಕಲಿತ ಯಂತ್ರದ ಕೈಯಲ್ಲಿ ಗಣಿ ಕೆಲಸಗಾರನ ಮಾತು ಏನಾಗಬಹುದು, ನೀವೇ ಯೋಚಿಸಿ.

ಇವೆಲ್ಲ ನಗುವ ತಪ್ಪುಗಳು. ದುಡ್ಡಿನ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. ಬುರ್ಕಿನಾ ಫಾಸೊ, ಐವರಿ ಕೋಸ್ಟ್, ಮಾಲಿಯಲ್ಲಿ ಚಲಾವಣೆಯಲ್ಲಿರುವುದು ಸಿಎಫ್‌ಎ ಫ್ರಾಂಕ್. ಆದರೆ ಜುಲಾದಲ್ಲಿ ದುಡ್ಡನ್ನು ಫ್ರಾಂಕ್‌ನಲ್ಲಿ ಎಣಿಸುವುದಿಲ್ಲ, ‘ಡೊರೊಮೆ’ಯಲ್ಲಿ ಎಣಿಸುತ್ತಾರೆ. ಒಂದು ಡೊರೊಮೆ ಎಂದರೆ 5 ಫ್ರಾಂಕ್. ‘ಮುಗನ್’ ಎಂದರೆ ಇಪ್ಪತ್ತು, ಆದರೆ ಸಂತೆಯಲ್ಲಿ ಬೆಲೆ ಮುಗನ್ ಎಂದರೆ 100 ಫ್ರಾಂಕ್. ‘ಕೆಮೆ’ ಎಂದರೆ ನೂರು, ಬೆಲೆ ಕೆಮೆ ಎಂದರೆ 500 ಫ್ರಾಂಕ್. ನಮ್ಮ ಹಿರಿಯರಿಗೆ ಇದು ಕೂಡಲೇ ಅರ್ಥವಾದೀತು: ‘ಎಂಟಾಣೆ’ಯಲ್ಲಿ ಇರುವುದು ಎಂಟು, ಕೈಗೆ ಬರುವುದು 50 ಪೈಸೆ.

ಈಗ ಯಂತ್ರ ‘ಕೆಮೆ’ಯನ್ನು ನೂರು ಎಂದು ಅನುವಾದಿಸಿತು ಎನ್ನಿ. ನಿಘಂಟಿನ ಪ್ರಕಾರ ಸರಿ, ವ್ಯಾಕರಣದ ಪ್ರಕಾರವೂ ಸರಿ. ಲೆಕ್ಕ ಮಾತ್ರ ಐದು ಪಟ್ಟು ತಪ್ಪು. ಸಂತೆಯಲ್ಲಾದರೆ ಕೈಬೆರಳು ತೋರಿಸಿ, ನಾಣ್ಯ ಇಟ್ಟು ಸರಿಮಾಡಿಕೊಳ್ಳಬಹುದು. ಫೋನಿನಲ್ಲಿ ಕೂಲಿ ಮಾತಾಡುವಾಗ, ಸಾಲದ ಮೊತ್ತ ಒಪ್ಪುವಾಗ ಅದು ಸಾಧ್ಯವಿಲ್ಲ. ಐದರಲ್ಲಿ ಒಂದು ಪಾಲು ಕೂಲಿಗೆ ಒಪ್ಪಿದಂತೆ ಆಗಿಬಿಡಬಹುದು.

‘ವಾಪಸ್ ಅನುವಾದ ಮಾಡಿ ನೋಡಿ, ಸರಿಯಿದ್ದರೆ ಸರಿ’

ಇದೂ ಜನಪ್ರಿಯ ಸಲಹೆ. ‘ನೂರು’ ಎಂದು ಬರೆಯಿರಿ, ‘ಕೆಮೆ’ ಬರುತ್ತದೆ. ತಿರುಗಿಸಿದರೆ ಮತ್ತೆ ‘ನೂರು’. ಪರೀಕ್ಷೆ ಪಾಸ್, ಆದರೆ ಕೇಳಿದವನಿಗೆ ಅರ್ಥವಾಗುವುದು 500 ಫ್ರಾಂಕ್. ಹೋಗುವಾಗ ಮಾಡಿದ ತಪ್ಪನ್ನೇ ಬರುವಾಗಲೂ ಮಾಡಿದರೆ ಎರಡೂ ಸೇರಿ ಸರಿಯಂತೆ ಕಾಣುತ್ತವೆ. ಆದ್ದರಿಂದ ಈ ಸಲಹೆಯನ್ನು ನಂಬುವಂತಿಲ್ಲ.

ಮೂಲ ಕಾರಣ ಸರಳ. ಯಂತ್ರ ಕಲಿಯುವುದು ಹೆಚ್ಚಾಗಿ ಮನುಷ್ಯರು ಮಾಡಿಟ್ಟ ಅನುವಾದಗಳಿಂದ. ಕನ್ನಡ–ಇಂಗ್ಲಿಷ್‌ಗೆ ಅಂತಹ ವಾಕ್ಯಗಳು ಬೇಕಾದಷ್ಟಿವೆ. ಸೈಲೀಷಿಯನ್‌ನಿಂದ ನೇರವಾಗಿ ಜುಲಾಗೆ ಅನುವಾದಿಸಿದವರು ಎಷ್ಟು ಜನ ಇದ್ದಾರು? ಮೆಟಾ ತನ್ನ 200 ಭಾಷೆಗಳನ್ನು ಅಳೆಯಲು ಮಾಡಿಸಿದ ಸುಮಾರು 3,000 ವಾಕ್ಯಗಳ ಸಂಗ್ರಹವೂ ಮೂಲತಃ ಇಂಗ್ಲಿಷ್‌ನದು, ಬಹುತೇಕ ಭಾಷೆಗಳಿಗೆ ಇಂಗ್ಲಿಷ್‌ನಿಂದಲೇ ಹೋದದ್ದು. ಅಂದರೆ ಎರಡು ಸಣ್ಣ ಭಾಷೆಗಳ ನಡುವೆ ಹೆಚ್ಚಾಗಿ ಇಂಗ್ಲಿಷ್ ನಿಂತಿರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಹಾಗೆಂದು ಆ್ಯಪ್ ಅಳಿಸಿ ಎಂದು ನಾವು ಹೇಳುವುದಿಲ್ಲ. ಬೋರ್ಡ್ ಓದಲು, ದಾರಿ ಕೇಳಲು, ವಿಷಯ ಸುಮಾರಾಗಿ ಏನೆಂದು ತಿಳಿಯಲು ಅದು ನಿಜಕ್ಕೂ ಉಪಕಾರಿ. ತುಳುವಿಗೆ ಬಳಸುವಾಗಲೂ ಇಷ್ಟು ಮಾಡಿ: ವಾಕ್ಯ ಚಿಕ್ಕದಿರಲಿ, ಅವನು ಅವಳು ಎನ್ನುವ ಕಡೆ ಹೆಸರನ್ನೇ ಬರೆಯಿರಿ, ಗಾದೆ ಬೇಡ. ಔಷಧಿಯ ಪ್ರಮಾಣ, ಒಪ್ಪಂದ, ಪೊಲೀಸ್ ದೂರು ಇಂಥವಕ್ಕೆ ಎರಡೂ ಭಾಷೆ ಬಲ್ಲ ಮನುಷ್ಯರೇ ಬೇಕು. ಮೊತ್ತವನ್ನು ಅಂಕಿಯಲ್ಲಿ ಬರೆದು ಪಕ್ಕದಲ್ಲಿ ನಾಣ್ಯದ ಹೆಸರು ಹಾಕಿ. ಜುಲಾ ಸಂತೆಯಲ್ಲಾದರೆ ‘500 ಫ್ರಾಂಕ್’ ಎಂದು ಬರೆದು ಪರದೆ ತೋರಿಸಿ.