ದುಂಬಿಯ ವೇಷದ ಹೂವಿಗೆ ಹೆಸರಿಟ್ಟ ಕಥೆ

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ವಸಂತ ಬಂತೆಂದರೆ ಸುಣ್ಣಕಲ್ಲಿನ ಗುಡ್ಡಗಳ ಹುಲ್ಲಿನ ನಡುವೆ ಗೇಣುದ್ದದ ಒಂದು ಗಿಡ ತಲೆ ಎತ್ತುತ್ತದೆ. ಅದರ ತೆನೆಯಲ್ಲಿ ಐದಾರು ಹೂಗಳು. ದೂರದಿಂದ ನೋಡಿದವರಿಗೆ ಪ್ರತಿ ಹೂವಿನ ಮೇಲೂ ಒಂದು ದುಂಬಿ ಕುಳಿತಂತೆ ಕಾಣುತ್ತದೆ. ಹತ್ತಿರ ಹೋದರೂ ಅದು ಹಾರುವುದಿಲ್ಲ. ಏಕೆಂದರೆ ಅದು ದುಂಬಿಯಲ್ಲ, ಹೂವಿನದೇ ಒಂದು ಎಸಳು. ಕಂದು ಬಣ್ಣ, ಮಖಮಲ್ಲಿನಂಥ ರೋಮ, ಹೊಳೆಯುವ ಮಚ್ಚೆ, ಎಲ್ಲವೂ ಕೀಟದ ಮೈಯಂತೆಯೇ ಇವೆ.

ಇದು ಆರ್ಕಿಡ್ ಕುಟುಂಬದ ಓಫ್ರಿಸ್ ಎಂಬ ಜಾತಿಯ ಸಸ್ಯ. ನಮ್ಮ ಮಲೆನಾಡಿನ ಮರಗಳ ಮೇಲೆ ಮಳೆಗಾಲದ ಹೊತ್ತಿಗೆ ತೂಗುವ ಸೀತಾಳೆ ದಂಡೆಯೂ ಇದೇ ಕುಟುಂಬದ್ದು. ಆದರೆ ಓಫ್ರಿಸ್ ನಮ್ಮಲ್ಲಿ ಬೆಳೆಯುವುದಿಲ್ಲ. ಅದು ನೆಲದಲ್ಲಿ ಗೆಡ್ಡೆಯಿಂದ ಮೊಳೆಯುವ ಗಿಡ. ಈ ಪುಟ್ಟ ಹೂವಿಗೆ ಹೆಸರಿಡಲು ಹೊರಟ ಸಸ್ಯವಿಜ್ಞಾನಿಗಳು 250 ವರ್ಷಗಳಿಗೂ ಹೆಚ್ಚು ಕಾಲ ವಾದಿಸುತ್ತ ಬಂದಿದ್ದಾರೆ. ವಾದ ಇಂದಿಗೂ ಮುಗಿದಿಲ್ಲ. ವಿಜ್ಞಾನದಲ್ಲಿ ಒಂದು ಹೆಸರು ಹೇಗೆ ಹುಟ್ಟುತ್ತದೆ, ಯಾರ ಕಣ್ಣಿನಿಂದ ಹುಟ್ಟುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಲಿನೇಯಸ್ ಕೊಟ್ಟ ಒಂದೇ ಹೆಸರು

ಓಫ್ರಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಹುಬ್ಬು. ರೋಮಿನ ಪ್ಲಿನಿ ಈ ಹೆಸರಿನ ಒಂದು ಸಸ್ಯವನ್ನು ತನ್ನ ಗ್ರಂಥದಲ್ಲಿ ಉಲ್ಲೇಖಿಸಿದ್ದಾನೆ. ಹದಿನೆಂಟನೆಯ ಶತಮಾನದವರೆಗೆ ಯೂರೋಪಿನಲ್ಲಿ ಸಸ್ಯದ ಹೆಸರೆಂದರೆ ಲ್ಯಾಟಿನ್ನಿನ ಒಂದು ಉದ್ದನೆಯ ವಾಕ್ಯ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ‘ಸ್ಪೀಶೀಸ್ ಪ್ಲಾಂಟಾರಂ’ ಎಂಬ ಗ್ರಂಥದಲ್ಲಿ ಪ್ರತಿ ಸಸ್ಯಕ್ಕೂ ಎರಡೇ ಪದಗಳ ಹೆಸರು ಕೊಟ್ಟ. ಮೊದಲ ಪದ ಜಾತಿಯನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತದೆ.

ನೊಣದಂತೆ, ದುಂಬಿಯಂತೆ, ಜೇಡದಂತೆ ಕಾಣುವ ಹೂಗಳನ್ನೆಲ್ಲ ಲಿನೇಯಸ್ ಒಂದೇ ಪ್ರಭೇದದಲ್ಲಿ ಸೇರಿಸಿ ‘ಓಫ್ರಿಸ್ ಇನ್ಸೆಕ್ಟಿಫೆರಾ’, ಅಂದರೆ ‘ಕೀಟವನ್ನು ಹೊತ್ತದ್ದು’, ಎಂದು ಕರೆದ. ಅವುಗಳ ನಡುವಣ ವ್ಯತ್ಯಾಸ ಅವನಿಗೆ ಕಾಣದೆ ಇರಲಿಲ್ಲ. ಅವುಗಳನ್ನು ಅದೇ ಪ್ರಭೇದದ ಬಗೆಗಳೆಂದು ಪಟ್ಟಿ ಮಾಡಿದ.

ಈ ಒಟ್ಟುಗೂಡಿಕೆ ಹೆಚ್ಚು ಕಾಲ ನಿಲ್ಲಲಿಲ್ಲ. 1762ರಲ್ಲಿ ಲಂಡನ್ನಿನ ವಿಲಿಯಂ ಹಡ್ಸನ್ ಎಂಬ ಔಷಧಿ ವ್ಯಾಪಾರಿ ಇಂಗ್ಲೆಂಡಿನ ಸಸ್ಯಗಳ ಕುರಿತು ಬರೆದ ಪುಸ್ತಕದಲ್ಲಿ ದುಂಬಿ ಹೂವನ್ನು ಬೇರ್ಪಡಿಸಿ ‘ಓಫ್ರಿಸ್ ಅಪಿಫೆರಾ’, ಎಂದರೆ ‘ಜೇನ್ನೊಣವನ್ನು ಹೊತ್ತದ್ದು’, ಎಂದು ಹೆಸರಿಸಿದ. 1768ರಲ್ಲಿ ಫಿಲಿಪ್ ಮಿಲ್ಲರ್ ಇನ್ನೊಂದನ್ನು ‘ಓಫ್ರಿಸ್ ಸ್ಫೆಗೋಡಿಸ್’ ಎಂದು ಕರೆದ. ಸ್ಪೇನಿನ ಕವನಿಲ್ಯೆಸ್, ಜರ್ಮನಿಯ ಲಿಂಕ್ ಮುಂತಾದವರು ಮೆಡಿಟರೇನಿಯನ್ ತೀರದಿಂದ ಹೊಸ ಹೊಸ ಪ್ರಭೇದಗಳನ್ನು ತಂದು ಪಟ್ಟಿ ಬೆಳೆಸಿದರು.

ಪಟ್ಟಿ ಬೆಳೆದಂತೆ ಗೊಂದಲವೂ ಬೆಳೆಯಿತು. ಕನ್ನಡಿಯಂತೆ ಹೊಳೆಯುವ ನೀಲಿ ಮಚ್ಚೆಯ ಒಂದು ಹೂವಿಗೆ ಲಿಂಕ್ ‘ಸ್ಪೆಕ್ಯುಲಂ’, ಕನ್ನಡಿ, ಎಂದು ಹೆಸರಿಟ್ಟ. ಪೋರ್ಚುಗಲ್ಲಿನ ಬ್ರೊಟೇರೊ ಅದನ್ನೇ ‘ವೆರ್ನಿಕ್ಸಿಯಾ’ ಎಂದ. ಸಿಸಿಲಿಯ ಬಿವೋನಾ ಅದನ್ನೇ ‘ಸಿಲಿಯಾಟಾ’ ಎಂದ. ಇತ್ತ ಇಟಲಿಯ ಬೆರ್ಟೊಲೋನಿ ಬೇರೊಂದು ಹೂವಿಗೆ ‘ಸ್ಪೆಕ್ಯುಲಂ’ ಎಂಬ ಹೆಸರನ್ನು ಬಳಸಿದ! ಆ ಹೂವಿಗೆ 1823ರಲ್ಲಿ ಮೊರೆಟ್ಟಿ ಎಂಬಾತ ಬೆರ್ಟೊಲೋನಿಯ ಹೆಸರನ್ನೇ ಇಟ್ಟು ಗಂಟು ಬಿಡಿಸಿದ. ಇಂಥ ಜಗಳ ತೀರಿಸಲೆಂದೇ ಒಂದು ಅಂತರರಾಷ್ಟ್ರೀಯ ನಿಯಮವಿದೆ. 1753ರಿಂದ ಈಚೆಗೆ ಸರಿಯಾದ ಕ್ರಮದಲ್ಲಿ ಮೊದಲು ಪ್ರಕಟವಾದ ಹೆಸರಿಗೆ ಆದ್ಯತೆ.

ಕಣ್ಣಿಗೆ ಕಂಡದ್ದು, ಕೀಟಕ್ಕೆ ಕಂಡದ್ದು

ಈ ಹೆಸರುಗಳಲ್ಲಿ ಒಂದು ತಮಾಷೆಯಿದೆ. ಸ್ಫೆಗೋಡಿಸ್ ಎಂದರೆ ಕಣಜದಂಥದು. ಅದೇ ಗಿಡವನ್ನು ಇಂಗ್ಲೆಂಡಿನ ಜನ ಜೇಡದ ಆರ್ಕಿಡ್ ಎನ್ನುತ್ತಾರೆ. ಆದರೆ ಅದರ ಪರಾಗವನ್ನು ಹೊತ್ತೊಯ್ಯುವುದು ಕಣಜವೂ ಅಲ್ಲ, ಜೇಡವೂ ಅಲ್ಲ. ಅದು ನೆಲದಲ್ಲಿ ಗೂಡು ಮಾಡುವ ಒಂಟಿ ಜೇನ್ನೊಣ. ನೊಣದ ಆರ್ಕಿಡ್ ಎಂದು ಕರೆಯುವ ಹೂವಿಗೆ ಬರುವುದು ನೊಣವಲ್ಲ, ಕಣಜ. ದುಂಬಿ ಹೂವೆಂದೇ ಪ್ರಸಿದ್ಧವಾದ ಅಪಿಫೆರಾ ಇಂಗ್ಲೆಂಡಿನಲ್ಲಿ ಬಹುಪಾಲು ಯಾವ ಕೀಟಕ್ಕೂ ಕಾಯದೆ ತನಗೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಹೆಸರಿಟ್ಟವರು ತಮ್ಮ ಕಣ್ಣಿಗೆ ಕಂಡ ಹೋಲಿಕೆಯನ್ನು ಬರೆದಿಟ್ಟರು. ಆ ಹೂ ನಿಜವಾಗಿ ಯಾರನ್ನು ಕರೆಯುತ್ತಿದೆ ಎಂದು ಕೇಳಿದವರು ಬಹಳ ತಡವಾಗಿ ಬಂದರು.

ಹತ್ತೊಂಬತ್ತನೆಯ ಶತಮಾನದ ದೊಡ್ಡ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್, ಈ ವೇಷ ಕೀಟಗಳನ್ನು ದೂರವಿಡಲು ಇದ್ದೀತು ಎಂದು ಊಹಿಸಿದ್ದ. ಚಾರ್ಲ್ಸ್ ಡಾರ್ವಿನ್ ಇದನ್ನು ಒಪ್ಪಲಿಲ್ಲ. ಆರ್ಕಿಡ್‌ಗಳ ಪರಾಗಸ್ಪರ್ಶವನ್ನು ಕುರಿತು 1862ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ದುಂಬಿ ಹೂವನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದ. ಅದರ ಪರಾಗದ ಗಂಟುಗಳು ತೆಳ್ಳನೆಯ ತೊಟ್ಟಿನಲ್ಲಿ ಮುಂದಕ್ಕೆ ಜೋತುಬಿದ್ದು, ಗಾಳಿಗೆ ಓಲಾಡಿ, ಅದೇ ಹೂವಿನ ಶಲಾಕಾಗ್ರಕ್ಕೆ ತಗಲುತ್ತವೆ. ಕೀಟ ಬಾರದಂತೆ ಬಲೆ ಹೊದಿಸಿದರೂ ಗಾಳಿಯಿದ್ದರೆ ಈ ಕೆಲಸ ನಡೆಯುತ್ತದೆ, ಗಾಳಿಯಿಲ್ಲದ ಕೋಣೆಯಲ್ಲಿಟ್ಟರೆ ನಡೆಯುವುದಿಲ್ಲ ಎಂದು ಪ್ರಯೋಗದಿಂದ ತೋರಿಸಿದ. ಕೀಟವೊಂದು ಈ ಹೂವಿನ ಮೇಲೆ ಪದೇ ಪದೇ ಎರಗುವುದನ್ನು ಕಂಡವರ ವರದಿಯೂ ಅವನ ಕೈಸೇರಿತ್ತು. ಅದರ ಅರ್ಥ ಮಾತ್ರ ಅವನಿಗೂ ಹೊಳೆಯಲಿಲ್ಲ.

ನ್ಯಾಯಾಧೀಶರೊಬ್ಬರ ಸಾಕ್ಷ್ಯ

ಒಗಟನ್ನು ಬಿಡಿಸಿದವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ. ಆಗ ಫ್ರಾನ್ಸಿನ ಆಡಳಿತದಲ್ಲಿದ್ದ ಅಲ್ಜೀರಿಯದಲ್ಲಿ ನ್ಯಾಯಾಧೀಶರಾಗಿದ್ದ ಪೂಯಾನ್ ಎಂಬ ಫ್ರೆಂಚರು. ಅವರು ಸುಮಾರು ಇಪ್ಪತ್ತು ವರ್ಷ ಈ ಕನ್ನಡಿ ಹೂವನ್ನು ಗಮನಿಸಿದರು. ಅದಕ್ಕೆ ಬರುತ್ತಿದ್ದುದು ಒಂದೇ ಬಗೆಯ ಕಣಜ, ಅದರಲ್ಲೂ ಗಂಡು ಮಾತ್ರ. ಹೂವಿನಲ್ಲಿ ಅದಕ್ಕೆ ಮಕರಂದ ಸಿಗುತ್ತಿರಲಿಲ್ಲ. ಅದು ಹೆಣ್ಣಿನೊಡನೆ ಕೂಡುವಾಗ ಹೇಗೆ ವರ್ತಿಸುವುದೋ ಹೂವಿನ ಮೇಲೂ ಹಾಗೆಯೇ ವರ್ತಿಸುತ್ತಿತ್ತು. ಆ ಕಣಜದ ಗಂಡುಗಳು ಹೆಣ್ಣುಗಳಿಗಿಂತ ಮೊದಲೇ ನೆಲದಿಂದ ಹೊರಬರುತ್ತವೆ. ಹೆಣ್ಣು ಇನ್ನೂ ಕಾಣಿಸದ ಆ ದಿನಗಳಲ್ಲಿಯೇ ಹೂವು ಅರಳುತ್ತದೆ. ಮೋಸಹೋದ ಗಂಡು ಪರಾಗದ ಗಂಟನ್ನು ತಲೆಗೆ ಅಂಟಿಸಿಕೊಂಡು ಇನ್ನೊಂದು ಹೂವಿನಲ್ಲಿ ಮತ್ತೆ ಮೋಸಹೋಗುತ್ತದೆ.

ಪೂಯಾನ್ ಮತ್ತು ಸ್ವಿಟ್ಸರ್ಲೆಂಡಿನ ಕೊರೆವೋನ್ ಇದನ್ನು 1916ರಲ್ಲಿ ಪ್ರಕಟಿಸಿದಾಗ ನಂಬಿದವರು ಕಡಿಮೆ. ಮುಂದೆ ಇಂಗ್ಲೆಂಡಿನ ಗಾಡ್‌ಫ್ರಿ ಇದನ್ನು ಪರೀಕ್ಷಿಸಿ ಸರಿಯೆಂದರು. ಆಸ್ಟ್ರೇಲಿಯದ ಎಡಿತ್ ಕೋಲ್ಮನ್ 1927ರಲ್ಲಿ ಬೇರೊಂದು ಜಾತಿಯ ಆರ್ಕಿಡ್‌ನಲ್ಲಿ ಇದೇ ತಂತ್ರವನ್ನು ಸ್ವತಂತ್ರವಾಗಿ ಕಂಡು ವರದಿ ಮಾಡಿದರು.

ವಾಸನೆಯ ಭಾಷೆ

ಟೆಲಿವಿಷನ್ ಕ್ಯಾಮೆರಾ ಈ ಹೂವಿನ ರೂಪವನ್ನು ಎಷ್ಟು ಹತ್ತಿರದಿಂದ ಬೇಕಾದರೂ ತೋರಿಸಬಲ್ಲದು. ಆದರೆ ಕಥೆಯ ಮುಖ್ಯ ಪಾತ್ರ ಪರದೆಯ ಮೇಲೆ ಬರುವುದೇ ಇಲ್ಲ. ಅದು ವಾಸನೆ. ಸ್ವೀಡನ್ನಿನ ಬೆರ್ಟಿಲ್ ಕುಲ್ಲೆನ್‌ಬರ್ಗ್ 1961ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನ ಗಂಡು ಕೀಟವನ್ನು ಸೆಳೆಯುವುದರಲ್ಲಿ ವಾಸನೆಯ ಪಾತ್ರವನ್ನು ಮುಂದಕ್ಕೆ ತಂದಿತು. 1999ರಲ್ಲಿ ಫ್ಲೋರಿಯಾನ್ ಶೀಸ್ಟ್ಲ್ ಮತ್ತು ಸಂಗಡಿಗರು ಸ್ಫೆಗೋಡಿಸ್ ಹೂವಿನ ರಾಸಾಯನಿಕಗಳನ್ನೂ ಅದಕ್ಕೆ ಬರುವ ಒಂಟಿ ಜೇನ್ನೊಣದ ಹೆಣ್ಣಿನ ಮೈಯ ರಾಸಾಯನಿಕಗಳನ್ನೂ ಹೋಲಿಸಿ ನೋಡಿದರು. ಎರಡರಲ್ಲೂ ಅವೇ ಹೈಡ್ರೋಕಾರ್ಬನ್‌ಗಳು, ಬಹುಮಟ್ಟಿಗೆ ಅದೇ ಪ್ರಮಾಣದಲ್ಲಿ! ಇಂಥ ಹೈಡ್ರೋಕಾರ್ಬನ್‌ಗಳು ಸಸ್ಯಗಳ ಮೈಮೇಲಿನ ಮೇಣದಲ್ಲಿ ಸಾಮಾನ್ಯವಾಗಿಯೇ ಇರುತ್ತವೆ. ನೀರು ಆರದಂತೆ ಕಾಯುವ ಮೇಣವನ್ನೇ ಈ ಹೂ ಪ್ರೇಮಪತ್ರವಾಗಿಸಿದೆ.

ಒಂಬತ್ತೋ, ಮುನ್ನೂರೈವತ್ತೋ?

ಈ ಶೋಧನೆ ಹೆಸರಿನ ಪ್ರಶ್ನೆಯನ್ನು ತಲೆಕೆಳಗು ಮಾಡಿತು. ತಮ್ಮತಮ್ಮೊಳಗೆ ಮಾತ್ರ ಸಂತಾನ ಪಡೆಯುವ ಜೀವಿಗಳ ಗುಂಪೇ ಪ್ರಭೇದವೆಂದು ನಾವು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಓಫ್ರಿಸ್‌ನ ಹಲವು ಬಗೆಗಳನ್ನು ಕೈಯಿಂದ ಕೂಡಿಸಿದರೆ ಫಲವತ್ತಾದ ಮಿಶ್ರತಳಿಗಳು ಹುಟ್ಟುತ್ತವೆ. ಬಯಲಿನಲ್ಲಿ ಅವುಗಳನ್ನು ಬೇರೆಯಾಗಿರಿಸುವುದು ಬಹುಮಟ್ಟಿಗೆ ಬೇರೆ ಬೇರೆ ಕೀಟಗಳ ಆಯ್ಕೆ. ಕೆಲವೊಮ್ಮೆ ಕೀಟ ಒಂದೇ ಆದರೂ ಬೆರಕೆ ತಪ್ಪುತ್ತದೆ. ಸ್ಫೆಗೋಡಿಸ್‌ಗೆ ಬರುವ ಅದೇ ಜೇನ್ನೊಣ ‘ಲೂಪೆರ್ಕಾಲಿಸ್’ ಎಂಬ ಇನ್ನೊಂದು ಓಫ್ರಿಸ್‌ಗೂ ಬರುತ್ತದೆ. ಮೊದಲನೆಯದು ಪರಾಗವನ್ನು ಅದರ ತಲೆಗೆ ಅಂಟಿಸಿದರೆ ಎರಡನೆಯದು ಹೊಟ್ಟೆಯ ತುದಿಗೆ ಅಂಟಿಸುತ್ತದೆ.

ಆದ್ದರಿಂದ ಕೀಟ ಬೇರೆಯಾದರೆ ಪ್ರಭೇದವೂ ಬೇರೆ ಎಂದು ಆಸ್ಟ್ರಿಯದ ಹಾನ್ನೆಸ್ ಪೌಲುಸ್ ಮೊದಲಾದವರು ವಾದಿಸಿದರು. ಈ ದಾರಿಯಲ್ಲಿ ಸಾಗಿದ ಬೆಲ್ಜಿಯಂನ ಪಿಯೆರ್ ಡೆಲ್‌ಫೋರ್ಜ್ ಅವರ 2016ರ ಕೈಪಿಡಿಯಲ್ಲಿ ಪ್ರಭೇದಗಳ ಸಂಖ್ಯೆ 350ನ್ನು ದಾಟಿತು. ಡೆನ್ಮಾರ್ಕಿನ ಪೆಡರ್ಸನ್ ಮತ್ತು ಫೌರ್‌ಹೋಲ್ಟ್ 2007ರ ತಮ್ಮ ಪುಸ್ತಕದಲ್ಲಿ ಒಪ್ಪಿದ್ದು ಕೇವಲ 19. ರಿಚರ್ಡ್ ಬೇಟ್‌ಮನ್ ಮತ್ತು ಸಂಗಡಿಗರು 2018ರಲ್ಲಿ ಡಿ.ಎನ್.ಎ. ಪರೀಕ್ಷೆಯ ಆಧಾರದಲ್ಲಿ ಸ್ಪಷ್ಟವಾಗಿ ಬೇರ್ಪಡುವ ಗುಂಪುಗಳು ಒಂಬತ್ತೇ ಎಂದರು. ಸಣ್ಣ ಸಣ್ಣ ಬಗೆಗಳ ನಡುವೆ ಜೀನುಗಳು ಹರಿದಾಡುತ್ತಲೇ ಇವೆ ಎಂಬುದು ಅವರ ವಾದ. ಅದೇ ಗುಡ್ಡ, ಅದೇ ಹೂಗಳು. ಒಬ್ಬರ ಲೆಕ್ಕದಲ್ಲಿ ಒಂಬತ್ತು, ಇನ್ನೊಬ್ಬರ ಲೆಕ್ಕದಲ್ಲಿ ಮುನ್ನೂರೈವತ್ತು!

ಇಬ್ಬರೂ ದಡ್ಡರಲ್ಲ. ಓಫ್ರಿಸ್ ಜಾತಿಯ ವಯಸ್ಸು ಸುಮಾರು ಐವತ್ತು ಲಕ್ಷ ವರ್ಷವೆಂದು ಅಂದಾಜಿಸಲಾಗಿದೆ. ಜೀವವಿಕಾಸದ ಗಡಿಯಾರದಲ್ಲಿ ಇದು ಅಲ್ಪ ಸಮಯ. ಹೊಸ ಪ್ರಭೇದಗಳು ಇಲ್ಲಿ ಇನ್ನೂ ಕವಲೊಡೆಯುತ್ತಿವೆ. ಒಂದು ಕೊಂಬೆ ಯಾವ ಕ್ಷಣದಲ್ಲಿ ಎರಡಾಯಿತೆಂದು ಹೇಳುವುದು ಸುಲಭವಲ್ಲ.

ಲೆಕ್ಕದ ಹಿಂದಿನ ಹೊಣೆ

ಇದು ಪಂಡಿತರ ಕೂದಲು ಸೀಳುವ ವಾದವೆಂದು ತಳ್ಳಿಹಾಕುವಂತಿಲ್ಲ. ಕಾನೂನು ಕೆಲಸ ಮಾಡುವುದು ಹೆಸರುಗಳ ಮೇಲೆ. ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಲು ಒಂದು ಗಿಡಕ್ಕೆ ಮೊದಲು ಹೆಸರಿರಬೇಕು. ಮೆಡಿಟರೇನಿಯನ್ ತೀರದಲ್ಲಿ ಹುಲ್ಲುಗಾವಲುಗಳು ಹೊಲಗಳಾಗುತ್ತಿವೆ, ಪ್ರವಾಸಿಗರ ಹೋಟೆಲುಗಳಾಗುತ್ತಿವೆ. ಟರ್ಕಿಯಲ್ಲಿ ‘ಸಲೆಪ್’ ಎಂಬ ಪಾನೀಯಕ್ಕಾಗಿ ಕಾಡು ಆರ್ಕಿಡ್‌ಗಳ ಗೆಡ್ಡೆಗಳನ್ನು ಅಗೆಯುತ್ತಾರೆ. ಒಂದೇ ಒಂದು ದ್ವೀಪದಲ್ಲಿರುವ ಬಗೆಯನ್ನು ಪ್ರಭೇದವೆಂದು ಎಣಿಸಿದರೆ ಅದು ಜಗತ್ತಿನ ಅಪರೂಪದ ಆಸ್ತಿ. ಅದನ್ನೇ ಎಲ್ಲೆಡೆ ಇರುವ ದೊಡ್ಡ ಗುಂಪಿನ ಭಾಗವೆಂದರೆ ಅದು ಅಳಿದರೂ ಪಟ್ಟಿಯಲ್ಲಿ ಏನೂ ಬದಲಾಗದು. ಹಾಗೆಂದು ಕಂಡಕಂಡ ಬಗೆಗೆಲ್ಲ ಹೆಸರಿಟ್ಟರೆ ರಕ್ಷಣೆಗೆ ಇರುವ ಸ್ವಲ್ಪ ಹಣವನ್ನೂ ಶ್ರಮವನ್ನೂ ಯಾವುದಕ್ಕೆ ಮೊದಲು ಕೊಡಬೇಕು ಎಂಬುದೇ ತಿಳಿಯದಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಗಾಗಿ ವೈಜ್ಞಾನಿಕ ಹೆಸರುಗಳನ್ನು ಬಾಯಿಪಾಠ ಮಾಡುವಾಗ ಅವು ಕಲ್ಲಿನಲ್ಲಿ ಕೊರೆದವೆಂದು ತೋರುತ್ತದೆ. ವಾಸ್ತವದಲ್ಲಿ ಪ್ರತಿ ಹೆಸರೂ ಒಬ್ಬರ ತೀರ್ಮಾನ. ಸಾಕ್ಷ್ಯ ಬದಲಾದರೆ ಬದಲಾಗಬೇಕಾದ ತೀರ್ಮಾನ. ಲಿನೇಯಸ್ ಎಸಳಿನ ಆಕಾರವನ್ನು ನೋಡಿದ, ಪೂಯಾನ್ ಕೀಟದ ವರ್ತನೆಯನ್ನು ನೋಡಿದರು, ಶೀಸ್ಟ್ಲ್ ವಾಸನೆಯನ್ನು ಅಳೆದರು, ಬೇಟ್‌ಮನ್ ಜೀನುಗಳನ್ನು ಓದಿದರು. ನಿಮ್ಮ ಕಾಲೇಜಿನ ಅಂಗಳದ ಯಾವುದಾದರೂ ಒಂದು ಗಿಡವನ್ನು ಆರಿಸಿಕೊಳ್ಳಿ. ಒಂದು ವಾರ ಅದರ ಹೂವಿಗೆ ಯಾವ ಕೀಟ, ಯಾವ ಹೊತ್ತಿನಲ್ಲಿ, ಏನನ್ನು ಅರಸಿ ಬರುತ್ತದೆ ಎಂದು ಬರೆದಿಡಿ. ಅದರ ಹೆಸರನ್ನು ಪುಸ್ತಕದಲ್ಲಿ ಹುಡುಕುವುದು ಆಮೇಲೆ ಇರಲಿ.