ಜನವರಿ ಒಂದರ ಉಡುಗೊರೆ ಯಾರ ಮನೆಗೆ?

ಕ್ರಿಸ್‌ಮಸ್ ಹಬ್ಬದಿಂದ ಮೂರು ರಾಯರ ಹಬ್ಬದವರೆಗೆ ನಮ್ಮ ಕ್ರೈಸ್ತ ಮನೆಗಳ ಒಲೆ ಆರುವುದೇ ಅಪರೂಪ. ಕರಾವಳಿಯ ಮನೆಗಳಲ್ಲಿ ಕುಸ್ವಾರ್ ತುಂಬಿದ ಡಬ್ಬಗಳು. ಬೆಂಗಳೂರು, ಮೈಸೂರು ಕಡೆಯ ಮನೆಗಳಲ್ಲಿ ಕರ್ಜಿಕಾಯಿ, ಚಕ್ಕುಲಿ, ಕಲಕಲ. ಡಿಸೆಂಬರ್ 31ರ ಸಂಜೆ ಬೇಕರಿಯ ಮುಂದೆ ಸಾಲು, ಮಾಂಸದಂಗಡಿಯ ಮುಂದೆ ಇನ್ನೂ ಉದ್ದದ ಸಾಲು. ಬಟ್ಟೆಯಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವರ್ಷಾಂತ್ಯದ ಆರಾಧನೆ, ನಡುರಾತ್ರಿಯ ಬಲಿಪೂಜೆ, ಶುಭಾಶಯ, ಕೇಕು; ಮರುದಿನ ಮಧ್ಯಾಹ್ನ ಬಂಧುಬಳಗದೊಡನೆ ಬಿರಿಯಾನಿ ಊಟ. ಇದು ನಮ್ಮ ಹೊಸ ವರ್ಷ.

ಇದನ್ನು ಕಂಡು "ಎಲ್ಲಾ ಈಗಿನ ಕಾಲದ ಅಂಗಡಿಯವರ ಮಾಯೆ, ಹಿಂದೆ ಹೀಗಿರಲಿಲ್ಲ" ಎಂದು ಹಿರಿಯರು ನಿಟ್ಟುಸಿರು ಬಿಡುವುದುಂಟು. ಅವರ ಆತಂಕದಲ್ಲಿ ಸತ್ಯವಿದೆ. ಆದರೆ ಎರಡು ಸಾವಿರ ವರ್ಷಗಳ ಹಿಂದೆಯೂ ಜನವರಿ ಒಂದರಂದು ಜನ ಸಿಹಿ ಹಂಚುತ್ತಿದ್ದರು, ಕೈಮೀರಿ ಖರ್ಚು ಮಾಡುತ್ತಿದ್ದರು. ಆಗಲೂ ಧರ್ಮಸಭೆಯ ಪಿತೃಗಳು ಆ ದಿನವೇ ಎದ್ದು ನಿಂತು ಅದರ ಬಗ್ಗೆ ಪ್ರಬೋಧಿಸಿದರು. ಅವರು ಎತ್ತಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ಈ ದಿನ ನಾವು ಕೊಡುವ ಉಡುಗೊರೆ ಕೊನೆಗೆ ಯಾರ ಮನೆ ಸೇರುತ್ತದೆ?

ಖರ್ಜೂರ, ಅಂಜೂರ, ಜೇನು

ರೋಮನ್ನರ ಹಳೆಯ ವರ್ಷ ಮಾರ್ಚ್ ತಿಂಗಳಿನಿಂದ ಆರಂಭವಾಗುತ್ತಿತ್ತು. ಸೆಪ್ಟೆಂಬರ್ ಎಂದರೆ ಏಳನೆಯದು, ಡಿಸೆಂಬರ್ ಎಂದರೆ ಹತ್ತನೆಯದು ಎಂಬ ಅರ್ಥ ಆ ಹೆಸರುಗಳಲ್ಲಿ ಇಂದಿಗೂ ಉಳಿದಿದೆ. ಕ್ರಿ.ಪೂ. 153ರಲ್ಲಿ ಸ್ಪೇನಿನಲ್ಲಿ ಯುದ್ಧ ಎದುರಾದಾಗ, ಹೊಸ ಕಾನ್ಸುಲರು ಬೇಗ ಅಧಿಕಾರ ವಹಿಸಿಕೊಳ್ಳಲೆಂದು ಜನವರಿ ಒಂದನ್ನು ಅಧಿಕಾರ ಸ್ವೀಕಾರದ ದಿನವನ್ನಾಗಿ ಮಾಡಿದರು. ಅಂದರೆ ನಾವು ಆಚರಿಸುವ ಈ ದಿನ ಮೊದಲು ಬಂದದ್ದು ಸರ್ಕಾರಿ ಅನುಕೂಲಕ್ಕಾಗಿ. ಜೂಲಿಯಸ್ ಸೀಸರನ ಪಂಚಾಂಗ ಕ್ರಿ.ಪೂ. 45ರಲ್ಲಿ ಜಾರಿಗೆ ಬಂದು, ಆ ದಿನವನ್ನು ವರ್ಷಾರಂಭವಾಗಿ ಉಳಿಸಿಕೊಂಡಿತು.

ಜನವರಿ ಎಂಬ ಹೆಸರು ಬಂದದ್ದು ಹಿಂದಕ್ಕೊಂದು ಮುಂದಕ್ಕೊಂದು ಮುಖವಿದ್ದ ಜಾನುಸ್ ಎಂಬ ರೋಮನ್ ದೇವತೆಯಿಂದ. ಆ ದಿನ ಜನ ಪರಸ್ಪರ ಖರ್ಜೂರ, ಒಣಗಿದ ಅಂಜೂರ ಮತ್ತು ಬಿಳಿಯ ಕುಡಿಕೆಯಲ್ಲಿ ಜೇನು ಕೊಡುತ್ತಿದ್ದರು. ಈ ಉಡುಗೊರೆಗೆ 'ಸ್ತ್ರೇನಾ' ಎಂದು ಹೆಸರು. ಯೇಸುವಿನ ಬಾಲ್ಯಕಾಲದಲ್ಲಿ ರೋಮಿನಲ್ಲಿದ್ದ ಕವಿ ಓವಿಡ್ ತನ್ನ 'ಫಾಸ್ತಿ' ಕಾವ್ಯದಲ್ಲಿ ಸಿಹಿ ಏಕೆ ಕೊಡುತ್ತಾರೆಂದು ಜಾನುಸನನ್ನೇ ಕೇಳುತ್ತಾನೆ. ಮೊದಲ ದಿನದ ರುಚಿ ವರ್ಷವಿಡೀ ಉಳಿಯಲೆಂದು ಎಂಬ ಉತ್ತರ ಬರುತ್ತದೆ. ಹಾಗಾದರೆ ಜೇನಿನ ಜೊತೆ ನಾಣ್ಯವೇಕೆ ಎಂದು ಕೇಳಿದಾಗ ಜಾನುಸ್ ನಗುತ್ತಾನೆ. ಕೈಗೆ ಬಂದ ಹಣಕ್ಕಿಂತ ಜೇನು ಸಿಹಿಯೆಂದು ತಿಳಿದಿದ್ದರೆ ನಿನಗೆ ನಿನ್ನ ಕಾಲವೇ ತಿಳಿದಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ.

ನಮ್ಮ ನಾಡಿನಲ್ಲಿ ಯುಗಾದಿಯಂದು ಬೇವು ಬೆಲ್ಲ ಒಟ್ಟಿಗೆ ತಿನ್ನುವ ಪದ್ಧತಿಯಿದೆ. ಸುಖ ದುಃಖ ಎರಡೂ ಬರುತ್ತವೆ, ಎರಡನ್ನೂ ಸ್ವೀಕರಿಸು ಎಂದು ಅದು ಕಲಿಸುತ್ತದೆ. ರೋಮನ್ನರಿಗೆ ಬೇವು ಬೇಡವಾಗಿತ್ತು. ಬರೀ ಬೆಲ್ಲ ಬೇಕಾಗಿತ್ತು. ಬೆಲ್ಲದ ಹಿಂದೆಯೇ ದುಡ್ಡೂ ಬಂತು.

ದುಡ್ಡು ಬಂದ ಮೇಲೆ ಅದು ಎತ್ತ ಹರಿಯಿತೆಂದು ಇತಿಹಾಸಕಾರ ಸ್ವೆತೋನಿಯುಸ್ ಬರೆದಿಟ್ಟಿದ್ದಾನೆ. ಬೆತ್ಲೆಹೇಮಿನ ಜನಗಣತಿಗೆ ಆಜ್ಞೆ ಹೊರಡಿಸಿದ ಅಗಸ್ತಸ್ ಚಕ್ರವರ್ತಿ ಪ್ರಜೆಗಳಿಂದ ಸ್ತ್ರೇನಾ ಪಡೆದು, ಆ ಹಣದಲ್ಲಿ ಬೀದಿಗಳಿಗೆ ದೇವತೆಗಳ ವಿಗ್ರಹ ಮಾಡಿಸಿದ. ಪ್ರಭುವನ್ನು ಶಿಲುಬೆಗೇರಿಸಿದ ಕಾಲದಲ್ಲಿ ಆಳುತ್ತಿದ್ದ ತಿಬೇರಿಯಸ್, ತಿಂಗಳಿಡೀ ಜನರ ಕಾಟ ತಾಳಲಾರದೆ, ಜನವರಿ ಒಂದರ ನಂತರ ಉಡುಗೊರೆ ವಿನಿಮಯವನ್ನೇ ನಿಷೇಧಿಸಿದ. ಅವನ ನಂತರ ಬಂದ ಕಲಿಗುಲನಂತೂ ಅರಮನೆಯ ಹೊಸ್ತಿಲಲ್ಲಿ ತಾನೇ ನಿಂತು, ಎಲ್ಲ ವರ್ಗದ ಜನ ಸುರಿಯುತ್ತಿದ್ದ ನಾಣ್ಯಗಳನ್ನು ಸ್ವೀಕರಿಸಿದ. ನೆರೆಮನೆಯವನಿಗೆ ಕೊಟ್ಟ ಒಂದು ಹಿಡಿ ಖರ್ಜೂರ ಅರಮನೆಗೆ ಕೊಡುವ ಕಾಣಿಕೆಯಾಗಿ ಮುಗಿಯಿತು.

ಒಂದೇ ಊರು, ಒಂದೇ ದಿನ

ನಾಲ್ಕನೆಯ ಶತಮಾನಕ್ಕೆ ಬರೋಣ. ಶಿಷ್ಯರನ್ನು ಮೊದಲ ಬಾರಿಗೆ ಕ್ರೈಸ್ತರೆಂದು ಕರೆದ ಅಂತಿಯೋಕ್ಯ ನಗರದಲ್ಲಿ ಲಿಬಾನಿಯುಸ್ ಎಂಬ ಪ್ರಸಿದ್ಧ ವಾಗ್ಮಿಯಿದ್ದ. ಕ್ರೈಸ್ತನಲ್ಲದ ಆತ ಜನವರಿ ಹಬ್ಬವನ್ನು ಮನಸಾರೆ ಹೊಗಳಿದ್ದಾನೆ. ದಾರಿಗಳೆಲ್ಲ ಉಡುಗೊರೆ ಹೊತ್ತವರಿಂದ ತುಂಬಿರುತ್ತವೆ, ಊಟದ ಮೇಜುಗಳು ಭಾರದಿಂದ ಬಾಗುತ್ತವೆ, ವರ್ಷವಿಡೀ ಕಾಸಿಗೆ ಕಾಸು ಕೂಡಿಸಿದ ಜಿಪುಣನೂ ಅಂದು ಕೈಬಿಚ್ಚುತ್ತಾನೆ, ಯಜಮಾನ ಮತ್ತು ಆಳು ಒಟ್ಟಿಗೆ ಕುಳಿತು ದಾಳ ಎಸೆಯುತ್ತಾರೆ ಎಂದು ವರ್ಣಿಸುತ್ತಾನೆ. ಇದರಲ್ಲಿ ಕೆಟ್ಟದ್ದೇನಿದೆ? ಬಿಗಿದ ಮುಷ್ಟಿ ಒಂದು ದಿನವಾದರೂ ಸಡಿಲಗೊಂಡರೆ ಒಳ್ಳೆಯದೇ.

ಅದೇ ಲಿಬಾನಿಯುಸನ ಬಳಿ ವಾಕ್ಚಾತುರ್ಯ ಕಲಿತವರೆಂದು ಪ್ರಾಚೀನ ಇತಿಹಾಸಕಾರರು ಹೇಳುವ ಇನ್ನೊಬ್ಬರು ಅದೇ ಊರಿನಲ್ಲಿದ್ದರು. ಅವರೇ 'ಬಂಗಾರದ ಬಾಯಿ' ಎಂದು ಹೆಸರಾದ ಸಂತ ಜಾನ್ ಕ್ರಿಸೊಸ್ತೊಮರು. 386ರಲ್ಲಿ ಗುರುದೀಕ್ಷೆ ಪಡೆದ ಅವರು ಈ ಹಬ್ಬದಂದೇ ಅಂತಿಯೋಕ್ಯದಲ್ಲಿ ಪ್ರಬೋಧಿಸಿದರು. ಅವರ ಕಣ್ಣಿಗೆ ಬಿದ್ದದ್ದು ಮುಂಜಾನೆಯಿಂದಲೇ ನಡೆಯುವ ಕುಡಿತ, ಸಂತೆಬೀದಿಯ ದೀಪಾಲಂಕಾರ ಮತ್ತು ಅಂಗಡಿಯವರ ಪೈಪೋಟಿ. ಮೊದಲ ದಿನ ಮೋಜಿನಲ್ಲಿ ಕಳೆದರೆ ವರ್ಷವೆಲ್ಲ ಹಾಗೆಯೇ ಇರುತ್ತದೆಂಬ ನಂಬಿಕೆಯನ್ನು ಅವರು ಖಂಡಿಸಿದರು. ದಿನ ತಾನಾಗಿಯೇ ಶುಭವೂ ಅಲ್ಲ, ಅಶುಭವೂ ಅಲ್ಲ. ನಾವು ಮಾಡುವ ಕಾರ್ಯವೇ ಅದನ್ನು ಶುಭವಾಗಿಸುತ್ತದೆ ಎಂದರು. ತಿಂದರೂ ಕುಡಿದರೂ ದೇವರ ಮಹಿಮೆಗಾಗಿ ಎಂಬ ಸಂತ ಪೌಲರ ಬೋಧನೆಯೇ (1 ಕೊರಿಂಥ 10:31) ಆ ಪ್ರಬೋಧನೆಯ ಆಧಾರ. ಗಮನಿಸಿ: ತಿನ್ನಬೇಡಿ ಎಂದು ಆ ವಾಕ್ಯ ಹೇಳುವುದಿಲ್ಲ. ಯಾರಿಗಾಗಿ, ಯಾರೊಡನೆ ತಿನ್ನುತ್ತೀರಿ ಎಂದು ಕೇಳುತ್ತದೆ.

ಮೇಲಕ್ಕೆ ಹರಿಯುವ ಉಡುಗೊರೆ

ಇನ್ನೂ ಖಾರವಾಗಿ ಮಾತನಾಡಿದವರು ಇಂದಿನ ಟರ್ಕಿಯ ಉತ್ತರ ಭಾಗದಲ್ಲಿರುವ ಅಮಾಸಿಯದ ಧರ್ಮಾಧ್ಯಕ್ಷ ಸಂತ ಅಸ್ತೇರಿಯುಸರು. 400ನೇ ಇಸವಿಯ ಜನವರಿ ಒಂದರಂದು ಅವರು ನೀಡಿದ ಪ್ರಬೋಧನೆ ಉಳಿದು ಬಂದಿದೆ. ಉಡುಗೊರೆ ಸದಾ ಚಿಕ್ಕವರಿಂದ ದೊಡ್ಡವರಿಗೆ, ದೊಡ್ಡವರಿಂದ ಇನ್ನೂ ದೊಡ್ಡವರಿಗೆ ಹೋಗುತ್ತದೆ. ನಿಜವಾಗಿ ಬೇಕಾದವನ ಕೈಗೆ ಏನೂ ಬರುವುದಿಲ್ಲ ಎಂಬುದು ಅವರ ದೂರು. ಊರಿಗೆ ಬಂದ ಹಳ್ಳಿಯ ರೈತರನ್ನು ಗೇಲಿ ಮಾಡಿ ದೋಚುವುದನ್ನೂ ಅವರು ಹೇಳುತ್ತಾರೆ. ಮಕ್ಕಳ ವಿಷಯವಾಗಿ ಅವರು ಹೇಳಿದ ಮಾತು ತಂದೆತಾಯಂದಿರು ಕೇಳಬೇಕಾದದ್ದು. ಮಕ್ಕಳು ಬೆಳ್ಳಿಯ ತಗಡು ಸುತ್ತಿದ ಹಣ್ಣುಗಳನ್ನು ಹಿಡಿದು ಮನೆಮನೆಗೆ ಹೋಗಿ, ಅದರ ಎರಡರಷ್ಟು ಬೆಲೆಯ ಉಡುಗೊರೆ ಪಡೆದು ಬರುತ್ತಿದ್ದರಂತೆ. ಹೀಗೆ ಎಳೆಯ ಮನಸ್ಸು ಕೊಡುವುದನ್ನಲ್ಲ, ಲಾಭ ಎಣಿಸುವುದನ್ನು ಕಲಿಯುತ್ತದೆಂದು ಅವರು ನೊಂದುಕೊಂಡರು.

ಸುಮಾರು ಅದೇ ಕಾಲದಲ್ಲಿ ಉತ್ತರ ಆಫ್ರಿಕಾದಲ್ಲಿ ಸಂತ ಅಗಸ್ಟೀನರು ಜನವರಿ ಒಂದರಂದು ಬಹಳ ದೀರ್ಘವಾದ ಪ್ರಬೋಧನೆ ನೀಡಿದರು. ಅದರ ತುಣುಕು ಮಾತ್ರ ಹಿಂದೆ ತಿಳಿದಿತ್ತು. 1990ರಲ್ಲಿ ಫ್ರಾನ್ಸುವಾ ದೊಲ್ಬೋ ಎಂಬ ವಿದ್ವಾಂಸರು ಜರ್ಮನಿಯ ಮೈನ್ಸ್ ನಗರದ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯೊಂದರಲ್ಲಿ ಅದರ ಪೂರ್ಣ ಪಾಠವನ್ನು ಗುರುತಿಸಿದರು. ಅದರ ಸಾರ ಸರಳ: ಇತರರು ಸ್ತ್ರೇನಾ ಕೊಡಲಿ, ನೀವು ಬಡವರಿಗೆ ದಾನ ಕೊಡಿ, ಇತರರು ಕುಡಿದು ಮೈಮರೆಯಲಿ, ನೀವು ಉಪವಾಸ ಮಾಡಿ. ಕೊಡುವ ಕೈಯನ್ನು ಅವರು ತಡೆಯಲಿಲ್ಲ, ಅದು ಚಾಚುವ ದಿಕ್ಕನ್ನು ತಿರುಗಿಸಿದರು.

567ರಲ್ಲಿ ಫ್ರಾನ್ಸಿನ ತೂರ್ ನಗರದ ಧರ್ಮಸಮ್ಮೇಳನ ಕ್ರಿಸ್‌ಮಸ್‌ನಿಂದ ಮೂರು ರಾಯರ ಹಬ್ಬದವರೆಗೆ ಎಲ್ಲ ದಿನವೂ ಹಬ್ಬವೆಂದು ಒಪ್ಪಿತು. ನಡುವಿನ ಮೂರು ದಿನಗಳನ್ನು ಮಾತ್ರ ಜನವರಿಯ ಹಳೆಯ ಆಚರಣೆಗೆ ಎದುರಾಗಿ ಪ್ರಾರ್ಥನೆಗೆ ಮೀಸಲಿಟ್ಟಿತು. ಜನವರಿ ಒಂದು ಕ್ರಿಸ್‌ಮಸ್ ಕಳೆದ ಎಂಟನೆಯ ದಿನ. ಮಗುವಿಗೆ ಸುನ್ನತಿ ಮಾಡಿ ಯೇಸು ಎಂದು ಹೆಸರಿಟ್ಟ ದಿನ (ಲೂಕ 2:21).

ಅಲೆದಾಡಿದ ಹೊಸ ವರ್ಷ

ಮುಂದೆ ಯುರೋಪಿನ ಹಲವೆಡೆ ಜನವರಿ ಒಂದು ವರ್ಷಾರಂಭದ ಸ್ಥಾನ ಕಳೆದುಕೊಂಡಿತು. ಕೆಲವೆಡೆ ಕ್ರಿಸ್‌ಮಸ್, ಕೆಲವೆಡೆ ಪಾಸ್ಖ, ಇಂಗ್ಲೆಂಡಿನಲ್ಲಿ ಮಾರ್ಚ್ 25ರ ಮಂಗಳವಾರ್ತೆಯ ಹಬ್ಬ ಹೊಸ ವರ್ಷವಾಯಿತು. ಆದರೂ ಉಡುಗೊರೆಯ ದಿನ ಬದಲಾಗಲಿಲ್ಲ. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಗೆ ಆಸ್ಥಾನಿಕರು ಜನವರಿ ಒಂದರಂದೇ ಚಿನ್ನದ ನಾಣ್ಯದ ಚೀಲಗಳನ್ನು ಒಪ್ಪಿಸುತ್ತಿದ್ದರು. ಅರಮನೆಯ ಅಡುಗೆಯವನೊಬ್ಬ ಬಾದಾಮಿ ಸಕ್ಕರೆಯಲ್ಲಿ ಚದುರಂಗದ ಮಣೆ ಮಾಡಿಕೊಟ್ಟ ದಾಖಲೆಯಿದೆ. ಅಸ್ತೇರಿಯುಸರು ಕಂಡ ಮೇಲ್ಮುಖದ ಹರಿವು ಇಲ್ಲೂ ಕಾಣುತ್ತದೆ.

1582ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು ಪಂಚಾಂಗ ತಿದ್ದಿದರು. ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಬಂತು. ಅವಿಲದ ಸಂತ ತೆರೇಸಮ್ಮನವರು ತೀರಿಕೊಂಡದ್ದು ಆ ರಾತ್ರಿಯೇ. ಅವರ ಹಬ್ಬ ಅಕ್ಟೋಬರ್ 15ಕ್ಕೆ ಬರುವುದು ಇದರಿಂದಲೇ. ಇಂಗ್ಲೆಂಡ್ 1752ರಲ್ಲಿ ಜನವರಿ ಒಂದಕ್ಕೆ ಮರಳಿತು. ಹಳೆಯ ಸ್ತ್ರೇನಾ ಪದ ಫ್ರಾನ್ಸಿನಲ್ಲಿ 'ಎತ್ರೆನ್' ಆಗಿ ಬದುಕಿದೆ. ಸ್ಪೇನಿನಲ್ಲಿ ನಡುರಾತ್ರಿಯ ಹನ್ನೆರಡು ಗಂಟೆಬಡಿತಕ್ಕೆ ಹನ್ನೆರಡು ದ್ರಾಕ್ಷಿ ನುಂಗುತ್ತಾರೆ. ಇಟಲಿಯಲ್ಲಿ ನಾಣ್ಯದ ಆಕಾರದ ಮಸೂರ ಬೇಳೆ ತಿಂದು ಹಣ ಬರಲೆಂದು ಹಾರೈಸುತ್ತಾರೆ.

ಬಡವರ ಹೆಸರಿನ ತುಂಡು

ಈ ಎಲ್ಲ ತಿನಿಸುಗಳ ನಡುವೆ ನಮ್ಮ ಮನಸ್ಸು ನಿಲ್ಲುವುದು ಗ್ರೀಕ್ ಕ್ರೈಸ್ತರ ಒಂದು ರೊಟ್ಟಿಯ ಮೇಲೆ. ಅದರ ಹೆಸರು ವಸಿಲೋಪಿತ, ಅಂದರೆ ಬೆಸಿಲರ ರೊಟ್ಟಿ. ಕಪ್ಪದೋಕ್ಯದ ಕೈಸರೇಯದ ಧರ್ಮಾಧ್ಯಕ್ಷರಾಗಿದ್ದ ಮಹಾ ಸಂತ ಬೆಸಿಲರು 379ರ ಜನವರಿ ಒಂದರಂದು ತೀರಿಕೊಂಡರೆಂಬುದು ಸಂಪ್ರದಾಯ. ಬರಗಾಲದಲ್ಲಿ ಧಾನ್ಯ ಕೂಡಿಟ್ಟವರನ್ನು ಎಚ್ಚರಿಸಿ, ನಿನ್ನ ಕಣಜದಲ್ಲಿರುವ ಹೆಚ್ಚಿನ ರೊಟ್ಟಿ ಹಸಿದವನದ್ದು ಎಂದು ಬೋಧಿಸಿದವರು ಅವರು. ಊರ ಹೊರಗೆ ರೋಗಿಗಳಿಗೆ, ಕುಷ್ಠರೋಗಿಗಳಿಗೆ, ದಾರಿಹೋಕರಿಗೆ ದೊಡ್ಡ ಆಶ್ರಯವನ್ನೂ ಕಟ್ಟಿಸಿದರು.

ಅವರ ನೆನಪಿನ ಸಿಹಿರೊಟ್ಟಿಯಲ್ಲಿ ಒಂದು ನಾಣ್ಯ ಅಡಗಿಸಿರುತ್ತಾರೆ. ಮನೆಯ ಯಜಮಾನ ಶಿಲುಬೆಯ ಗುರುತು ಮಾಡಿ ಕತ್ತರಿಸುತ್ತಾನೆ. ಮೊದಲ ತುಂಡು ಕ್ರಿಸ್ತರಿಗೆ, ಮುಂದಿನದು ದೇವಮಾತೆಗೆ, ನಂತರ ಮನೆಗೆ, ಮನೆಯವರಿಗೆ. ಅನೇಕ ಮನೆಗಳಲ್ಲಿ ಒಂದು ತುಂಡು ಬಡವರಿಗೆಂದು ಮೀಸಲು. ರೋಮನ್ನರ ಸಿಹಿ ಮತ್ತು ನಾಣ್ಯ ಎರಡೂ ಇಲ್ಲಿವೆ. ಆದರೆ ಊಟದಲ್ಲಿ ಬಡವನಿಗೂ ಪಾಲಿದೆ.

ಪ್ರಿಯ ಓದುಗರೇ, ಕುಸ್ವಾರ್ ತಟ್ಟೆಯನ್ನು ನೆರೆಹೊರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಕಳುಹಿಸುವ ನಮ್ಮ ತಾಯಂದಿರ ಪದ್ಧತಿ ಇದೇ ದಾರಿಯಲ್ಲಿದೆ. ಅದನ್ನು ಉಳಿಸಿಕೊಳ್ಳೋಣ. ಜೊತೆಗೆ ಒಂದು ಲೆಕ್ಕವನ್ನೂ ಹಾಕೋಣ. ಈ ವರ್ಷ ನಾವು ಕಳುಹಿಸಿದ ತಟ್ಟೆ, ಕೇಕು, ಉಡುಗೊರೆಯ ಪೊಟ್ಟಣಗಳಲ್ಲಿ ನಮಗೆ ಉಪಕಾರ ಮಾಡಬಲ್ಲವರಿಗೆ ಎಷ್ಟು ಹೋದವು? ತಿರುಗಿ ಏನನ್ನೂ ಕೊಡಲಾರದವರಿಗೆ ಎಷ್ಟು? ಮೇಲಧಿಕಾರಿಯ ಮನೆಗೆ ದೊಡ್ಡ ಕೇಕು, ಬೀದಿ ಗುಡಿಸುವ ಅಮ್ಮನಿಗೆ ಮುರಿದ ಚಕ್ಕುಲಿ ಎಂದಾದರೆ ನಾವು ಇನ್ನೂ ಕಲಿಗುಲನ ಹೊಸ್ತಿಲಲ್ಲೇ ನಿಂತಿದ್ದೇವೆ. 31ರ ರಾತ್ರಿಯಿಡೀ ಒಲೆಯ ಮುಂದೆ ನಿಂತ ಬೇಕರಿಯ ಹುಡುಗರು, ನಮ್ಮ ಬಾಗಿಲಿಗೆ ಊಟ ತಂದುಕೊಡುವ ಯುವಕರು, ಊರು ಬಿಟ್ಟು ಬಂದ ಕಟ್ಟಡ ಕಾರ್ಮಿಕರು, ನಮ್ಮದೇ ಧರ್ಮಕೇಂದ್ರದ ಒಂಟಿ ಅಜ್ಜಿ: ಮೊದಲ ತಟ್ಟೆ ಇವರಲ್ಲಿ ಒಬ್ಬರದಾಗಲಿ. ಅದನ್ನು ಮಕ್ಕಳ ಕೈಯಲ್ಲೇ ಕಳುಹಿಸೋಣ. ಬರಿಗೈಯಲ್ಲಿ ನಗುತ್ತಾ ಮರಳುವುದನ್ನು ಅವರೂ ಕಲಿಯಲಿ.

ಇಂದು ಜನವರಿ ಒಂದು ದೇವಮಾತೆ ಮರಿಯಮ್ಮನವರ ಮಹೋತ್ಸವ. ಜಗದ್ಗುರು ಆರನೆಯ ಪೌಲರು 1968ರಲ್ಲಿ ಆರಂಭಿಸಿದಂದಿನಿಂದ ವಿಶ್ವ ಶಾಂತಿಯ ದಿನವೂ ಹೌದು. ಹೆರಿಗೆಗೆ ಜಾಗ ಸಿಗದ ತಾಯಿಯ ಹಬ್ಬದಂದು ನಮ್ಮ ಊಟದ ಮನೆಯಲ್ಲಿ ಇನ್ನೊಬ್ಬರಿಗೆ ಜಾಗವಿರಲಿ. ಎಲ್ಲರಿಗೂ ಹೊಸ ವರ್ಷದ ಶುಭಾಶಯಗಳು.