ಅಪ್ಪನ ಮುಟ್ಟು

ಕಮ್ಮಾರನ ಸುತ್ತಿಗೆ, ಬಡಗಿಯ ಉಳಿ, ಚಮ್ಮಾರನ ರಂಪಿಗೆ, ರೈತನ ಕುಡುಗೋಲು, ಇವೆಲ್ಲಕ್ಕೂ ಸೇರಿ ಕನ್ನಡದಲ್ಲಿ ಒಂದು ಹಳೆಯ ಮಾತಿದೆ: ಮುಟ್ಟು. ನಿಘಂಟು ತೆರೆದು ನೋಡಿದರೆ ಆ ಅರ್ಥ ಈಗಲೂ ಅಲ್ಲಿ ಕೂತಿದೆ. ಕೃಷಿಯ ಬಗ್ಗೆ ಬರೆಯುವವರು ‘ಒಕ್ಕಲುತನದ ಮುಟ್ಟುಗಳು’ ಎಂದು ಆಗೀಗ ಬರೆಯುತ್ತಾರೆ. ಆದರೆ ಪೇಟೆಯವರ ಬಾಯಲ್ಲಿ ಅದು ಹೆಚ್ಚುಕಡಿಮೆ ಇಲ್ಲವಾಗಿದೆ. ಇಲ್ಲಿ ಮುಟ್ಟು ಎಂದರೆ ಹೆಂಗಸರ ತಿಂಗಳ ಮುಟ್ಟು, ಅಷ್ಟೇ. ಆ ಸಂಕೋಚಕ್ಕೋ ಏನೋ, ವರ್ಕ್‌ಶಾಪುಗಳಲ್ಲಿ ಗಂಡಸರು ‘ಸಾಮಾನು’ ಎನ್ನುತ್ತಾರೆ, ‘ಟೂಲ್ಸು’ ಎನ್ನುತ್ತಾರೆ. ಸರ್ಕಾರಿ ಕಾಗದಗಳಲ್ಲಿ ‘ಸಲಕರಣೆ’, ‘ಪರಿಕರ’ ಎಂದು ಬರುತ್ತದೆ. ಇವು ಯಾವುವೂ ಕೆಟ್ಟ ಪದಗಳಲ್ಲ. ಆದರೆ ಕೈಗೂ ಕಬ್ಬಿಣಕ್ಕೂ ಇರುವ ನಂಟನ್ನು ಹೆಸರಿನಲ್ಲೇ ಇಟ್ಟುಕೊಂಡಿರುವ ಪದ ಅವುಗಳಲ್ಲಿ ಒಂದೂ ಇಲ್ಲ.

ಆ ಪದ ನನಗೆ ಮತ್ತೆ ಸಿಕ್ಕಿದ್ದು ಬಂಗಾರಪೇಟೆಯಲ್ಲಿ, ಅದೂ ತೆಲುಗಿನ ಮೂಲಕ. ಅಪ್ಪ ತೀರಿಕೊಂಡ ಮೇಲೆ ಹಿತ್ತಲಿನ ಶೆಡ್ಡನ್ನು ಏನು ಮಾಡುವುದೆಂಬ ಮಾತು ಮನೆಯಲ್ಲಿ ನಡೆದಿತ್ತು. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನಾಚೆಯಿಂದ, “ಮೀ ನಾಯನ ಪನಿಮುಟ್ಲು ಎವರಿಕೀ ಇಚ್ಚೇಯಕಮ್ಮಾ” ಎಂದರು. ನಿಮ್ಮಪ್ಪನ ಸಾಮಾನನ್ನು ಯಾರಿಗೂ ಕೊಟ್ಟುಬಿಡಬೇಡಮ್ಮ ಎಂದು. ಪನಿ ಎಂದರೆ ಕೆಲಸ. ಕೆಲಸದ ಮುಟ್ಟು ಪನಿಮುಟ್ಟು. ತೆಲುಗಿನಲ್ಲಿ ಇದು ದಿನಬಳಕೆಯ ಮಾತು, ಮಕ್ಕಳ ಪಠ್ಯದಲ್ಲೂ ಬರುವಂಥದ್ದು. ಹತ್ತಿರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ತಮಿಳರ ಮನೆಗಳಲ್ಲಿ ಮನೆ ಬದಲಿಸುವಾಗ ಗಾಡಿಗೆ ಹೇರುವ ಪಾತ್ರೆಪಗಡ, ಪೀಠೋಪಕರಣಗಳಿಗೆಲ್ಲ ‘ತಟ್ಟುಮುಟ್ಟು ಸಾಮಾನ್’ ಎಂಬ ಹೆಸರಿದೆ. ಅಕ್ಕಪಕ್ಕದ ಎರಡು ಭಾಷೆಗಳು ಇಟ್ಟುಕೊಂಡಿರುವ ಪದವನ್ನು ನಾವು ಕನ್ನಡದವರು ಕೈಬಿಟ್ಟಿದ್ದೇವೆ. ಮೂರು ಭಾಷೆಗಳು ಒಂದೇ ಬೀದಿಯಲ್ಲಿ ಓಡಾಡುವ ಕೋಲಾರದ ಸೀಮೆಯಲ್ಲಿ ಇದು ಎದ್ದು ಕಾಣುತ್ತದೆ.

ನಮ್ಮ ಊರಿಗೆ ಪದಗಳನ್ನು ಬಾಗಿಸಿ ತನ್ನದಾಗಿ ಮಾಡಿಕೊಳ್ಳುವ ಶಕ್ತಿ ಇತ್ತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಲ್ಲಿ ಈ ಊರು ಬೌರಿಂಗ್‌ಪೇಟೆಯಾಯಿತು. ಜನ ಅದನ್ನು ಬಂಗಾರಪೇಟೆ ಮಾಡಿಕೊಂಡರು. ಹತ್ತಿರದಲ್ಲೇ ಚಿನ್ನದ ಗಣಿ ಇರುವಾಗ ಬೌರಿಂಗ್ ಯಾರಿಗೆ ಬೇಕು? ರೈಲ್ವೆಯ ದಾಖಲೆಯಲ್ಲಿ ಮಾತ್ರ ನಿಲ್ದಾಣದ ಸಂಕೇತಾಕ್ಷರ ಇವತ್ತಿಗೂ ಬಿಡಬ್ಲ್ಯುಟಿ, ಬೌರಿಂಗ್‌ಪೇಟೆಯ ನೆನಪು.

ಈಗ ಶೆಡ್ಡಿನ ವಿಷಯಕ್ಕೆ ಬರುತ್ತೇನೆ. ಅಪ್ಪ ಫಿಟ್ಟರ್. ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ಶಾಫ್ಟಿನಿಂದ ಹೊರಗೆ ಬರುವವರನ್ನು ತಡವಿ ತಪಾಸಣೆ ಮಾಡುತ್ತಿದ್ದ ಆ ಗಣಿಯೂರಿನಲ್ಲಿ ಕಂಪನಿಯ ಒಂದು ಮೊಳೆಯೂ ಮನೆಗೆ ಬರುವಂತಿರಲಿಲ್ಲ. ಹಾಗಾಗಿ ಶೆಡ್ಡಿನಲ್ಲಿ ಇದ್ದದ್ದೆಲ್ಲ ಅವರು ಸಂಬಳದಲ್ಲಿ ಉಳಿಸಿ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಕೊಂಡದ್ದು. ದಪ್ಪ ಬೇವಿನ ಹಲಗೆಯ ಬೆಂಚು. ಅದರ ಬಲತುದಿಗೆ ಬೋಲ್ಟು ಹಾಕಿ ಕೂರಿಸಿದ ವೈಸು. ಬೆಂಚಿನ ಕೆಳಗೆ ಅವರೇ ಮಾಡಿದ ಡ್ರಾಯರುಗಳು, ಎಳೆದರೆ ಎಣ್ಣೆ ಮತ್ತು ಕಬ್ಬಿಣದ ವಾಸನೆ. ಹಾರ್ಲಿಕ್ಸ್ ಬಾಟಲಿಗಳಲ್ಲಿ ಅಳತೆಯ ಪ್ರಕಾರ ವಿಂಗಡಿಸಿದ ಸ್ಕ್ರೂ, ವಾಷರು. ಗೋಡೆಯ ಹಲಗೆಯಲ್ಲಿ ಅರಗಳು: ಚಪ್ಪಟೆ, ಅರೆದುಂಡು, ಮುಮ್ಮೂಲೆ, ಇಲಿಬಾಲದಷ್ಟು ಸಣ್ಣದು.

ಅರ ಹಿಡಿಯುವುದನ್ನು ಅವರು ನನಗೆ ಕಲಿಸಿದ್ದರು. ಅರದ ಹಲ್ಲು ಮುಂದಕ್ಕೆ ತಳ್ಳುವಾಗ ಮಾತ್ರ ಕಬ್ಬಿಣವನ್ನು ಕೊರೆಯುತ್ತದೆ. ಹಿಂದಕ್ಕೆ ಎಳೆಯುವಾಗಲೂ ಒತ್ತಿದರೆ ಹಲ್ಲು ಮೊಂಡಾಗುತ್ತದೆ. ಹಾಗಾಗಿ ತಳ್ಳುವಾಗ ಭಾರ, ಬರುವಾಗ ಹಗುರ. ಹಲ್ಲಿನ ಸಂದಿಗೆ ಪುಡಿ ಕಚ್ಚಿಕೊಳ್ಳದಂತೆ ಮೊದಲೇ ಸೀಮೆಸುಣ್ಣ ಉಜ್ಜಬೇಕು. ಇದನ್ನೆಲ್ಲ ಅವರು ಬಾಯಿಬಿಟ್ಟು ಹೇಳಿದ್ದು ಕಡಿಮೆ. ನನ್ನ ಕೈ ಮೇಲೆ ಕೈ ಇಟ್ಟು ತಳ್ಳಿಸುತ್ತಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಸ್ಪ್ಯಾನರುಗಳು. ಅಂಗಡಿಯಲ್ಲಿ ಈಗ ಸಿಗುವ ಯಾವ ಬೋಲ್ಟಿಗೂ ಅವು ಕೂರುತ್ತಿರಲಿಲ್ಲ. ಒಂದರ ಮೇಲೆ ಅರ್ಧ ಇಂಚು ಎಂದು ಅಚ್ಚಿದೆ; ಅದರ ಬಾಯಿ ಅಳೆದರೆ ಇಂಚಿಗೆ ಸ್ವಲ್ಪವೇ ಕಡಿಮೆ. ಅಪ್ಪನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ಆಂಡರ್ಸನ್‌ಪೇಟೆಯಿಂದ ಬಂದು, ಅದನ್ನು ಕೈಗೆತ್ತಿಕೊಂಡು ನೋಡಿ ಹೇಳಿದರು: “ಇದು ವಿಟ್‌ವರ್ತ್ ಕಣಮ್ಮ. ಇಲ್ಲಿ ಬರೆದಿರೋ ಅಳತೆ ಸ್ಪ್ಯಾನರ್ ಬಾಯಿದಲ್ಲ, ಬೋಲ್ಟಿನ ದಪ್ಪದ್ದು.” ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲೆಂಡಿನ ಇಂಜಿನಿಯರ್ 1841ರಲ್ಲಿ ತಿರುಪಿನ ಹಲ್ಲಿಗೆ 55 ಡಿಗ್ರಿಯ ಕೋನ ನಿಗದಿ ಮಾಡಿದ. ಅದಕ್ಕೂ ಮೊದಲು ಒಂದೊಂದು ಕಾರ್ಖಾನೆಯ ಬೋಲ್ಟೂ ಒಂದೊಂದು ಬಗೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗೆ ಕೈಹಾಕಿದ ಮೇಲೆ ಇಂಗ್ಲೆಂಡಿನ ಯಂತ್ರಗಳು ಬಂದವು. ಯಂತ್ರಗಳ ಜೊತೆಗೇ ಈ ಅಳತೆಯೂ ಇಳಿಯಿತು. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿನ ತಲೆ 0.92 ಇಂಚು, ಅಂದರೆ ಸುಮಾರು 23.4 ಮಿಲಿಮೀಟರು. 23ರ ಸ್ಪ್ಯಾನರ್ ಹೋಗುವುದಿಲ್ಲ, 24ರದು ಜಾರಿ ಮೂಲೆ ಸವೆಸುತ್ತದೆ. ಹಳೆಯ ಲೇತು, ಹಳೆಯ ಬುಲೆಟ್ ಮೋಟಾರ್‌ಸೈಕಲ್ ಬಿಚ್ಚುವವರಿಗೆ ಇವತ್ತಿಗೂ ಅಪ್ಪನ ಸ್ಪ್ಯಾನರೇ ಬೇಕು. ವಿಟ್‌ವರ್ತ್ ಕೋನ ಇನ್ನೂ ಸತ್ತಿಲ್ಲ ಎನ್ನುವುದಕ್ಕೆ ನಮ್ಮ ಅಡುಗೆಮನೆಯೇ ಸಾಕ್ಷಿ: ನಲ್ಲಿಯನ್ನು ಪೈಪಿಗೆ ಸೇರಿಸುವ ಥ್ರೆಡ್ಡು ಅದೇ 55 ಡಿಗ್ರಿಯದು.

ಗುಜರಿಯವರು ಇದನ್ನೆಲ್ಲ ಕೇಳುವುದಿಲ್ಲ. “ಅಕ್ಕಾ, ಎಲ್ಲಾ ಒಟ್ಟಿಗೆ ಕಬ್ಬಿಣದ ರೇಟಲ್ಲಿ ತಗೋತೀನಿ, ಬೆಂಚು ಸೌದೆಗೆ” ಎಂದರು. ಅವರ ಕಸುಬು ಅದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ತಕ್ಕಡಿಗೆ ಏರಿದ ಗಳಿಗೆಯಲ್ಲಿ ಮುಟ್ಟು ಬರೀ ಕಬ್ಬಿಣವಾಗಿಬಿಡುತ್ತದೆ. ಆಮೇಲೆ ಅದಕ್ಕೆ ಇರುವುದು ತೂಕ ಮಾತ್ರ.

ಕಾನೂನು ಈ ವಿಷಯದಲ್ಲಿ ತಕ್ಕಡಿಗಿಂತ ಸೂಕ್ಷ್ಮ. ಸಾಲ ತೀರಿಸದವನ ಆಸ್ತಿಯನ್ನು ಕೋರ್ಟು ಜಪ್ತಿ ಮಾಡುವುದಕ್ಕೆ ಕನ್ನಡದಲ್ಲಿ ‘ಮುಟ್ಟುಗೋಲು’ ಎಂಬ ಮಾತಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಯಾವುದನ್ನು ಮುಟ್ಟುಗೋಲು ಹಾಕಬಾರದು ಎಂಬ ಪಟ್ಟಿ ಇದೆ. ಮೊದಲಿಗೆ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ. ಅದರ ಬೆನ್ನಿಗೇ ಕುಶಲಕರ್ಮಿಯ ಉಪಕರಣಗಳು, ಬೇಸಾಯಗಾರನ ನೇಗಿಲು ನೊಗ, ಎತ್ತು, ಬಿತ್ತನೆಯ ಬೀಜ. ಮೈಮೇಲಿನ ಬಟ್ಟೆಯ ಪಕ್ಕದಲ್ಲಿ ಸುತ್ತಿಗೆಯನ್ನು ಇಟ್ಟದ್ದು ನನಗೆ ತುಂಬ ಸರಿಯೆನಿಸುತ್ತದೆ. ಮುಟ್ಟನ್ನು ಮುಟ್ಟುಗೋಲು ಹಾಕುವಂತಿಲ್ಲ. ಕೋರ್ಟಿನ ಅಮೀನನಿಗೇ ಇಲ್ಲದ ಅಧಿಕಾರವನ್ನು, ಯಾವ ಸಾಲವೂ ಇಲ್ಲದ ನಾವು ಮಕ್ಕಳು, ಶೆಡ್ಡು ಖಾಲಿಯಾದರೆ ಸಾಕೆಂದು ಚಲಾಯಿಸುತ್ತಿದ್ದೇವೆ.

ಮುಟ್ಟು ಕ್ರಿಯಾಪದವಾದಾಗ ಇನ್ನೂ ವಿಶಾಲ. ಕೈ ತಾಗಿದರೆ ಮುಟ್ಟಿತು. ಕಾಗದ ಬಂದರೆ ಮುಟ್ಟಿತು. ಹಳೆಯ ಪತ್ರಗಳಲ್ಲಿ ‘ಹಣ ನನಗೆ ನಗದಾಗಿ ಮುಟ್ಟಿರುತ್ತದೆ’ ಎಂದು ಬರೆದು ಹೆಬ್ಬೆಟ್ಟು ಒತ್ತಿರುತ್ತಾರೆ. ಮನ ಮುಟ್ಟುತ್ತದೆ, ಗುರಿ ಮುಟ್ಟುತ್ತದೆ, ತಳ ಮುಟ್ಟುತ್ತದೆ. ಕೆಜಿಎಫ್‌ನಲ್ಲಿ ಈ ಕೊನೆಯದಕ್ಕೆ ತೂಕ ಹೆಚ್ಚು. ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಅದೊಂದು. ಅಲ್ಲಿ ಇಳಿದವರಲ್ಲಿ ಬಹಳ ಮಂದಿ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ತಮ್ಮ ಊರುಗಳಲ್ಲಿ ಮುಟ್ಟಬಾರದವರು ಎನಿಸಿಕೊಂಡವರೇ ಇಲ್ಲಿ ಆ ಆಳವನ್ನು ಮುಟ್ಟಿದ್ದು. ಒಂದೇ ಪದದ ಒಳಗೆ ಅವಮಾನವೂ ದುಡಿಮೆಯೂ ಹೀಗೆ ಒತ್ತಟ್ಟಿಗೆ ಇವೆ. ನಾನು ಅದನ್ನು ಬೇರ್ಪಡಿಸಲು ಹೋಗುವುದಿಲ್ಲ.

ಹೆಣ್ಣುಮಕ್ಕಳ ಪಾಲಿನ ಮಾತನ್ನೂ ಹೇಳಬೇಕು. ಆಯುಧಪೂಜೆಯ ದಿನ ಅಪ್ಪ ಎಲ್ಲ ಮುಟ್ಟುಗಳನ್ನೂ ಸೀಮೆಎಣ್ಣೆಯಲ್ಲಿ ಒರೆಸಿ ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದರು. ವಿಭೂತಿ, ಕುಂಕುಮ, ಚೆಂಡುಹೂ, ವೈಸಿನ ಬಾಯಿಗೆ ಒಂದು ನಿಂಬೆಹಣ್ಣು. ಬೂದುಗುಂಬಳ ಒಡೆದು ಬೀದಿಯ ಮಕ್ಕಳಿಗೆಲ್ಲ ಪುರಿ, ಕಡಲೆ. ಅವತ್ತು ಮುಟ್ಟುಗಳನ್ನು ಯಾರೂ ಕೆಲಸಕ್ಕೆ ಎತ್ತುವಂತಿಲ್ಲ. ವಿಜಯದಶಮಿಗೆ ಮತ್ತೆ ಕೈಗೆ. ಒಂದು ವರ್ಷ ನಾನು ಮುಟ್ಟಾಗಿದ್ದೆ. ಅಮ್ಮ ಶೆಡ್ಡಿನ ಬಾಗಿಲಾಚೆಯೇ ನಿಲ್ಲಿಸಿದರು. “ಹೊರಗಿದ್ದೀಯ, ಮುಟ್ಟಬೇಡ” ಎಂದರು. ಅಮ್ಮನಿಗೆ ಅವರಮ್ಮ ಹೇಳಿದ್ದು ಅದು. ಮುಟ್ಟಾದವಳು ಮುಟ್ಟನ್ನು ಮುಟ್ಟಬಾರದು ಎಂಬ ಮಾತನ್ನು ನಾನು ಆವತ್ತು ನಂಬಿದ್ದೆ. ಈಗ ನಂಬುವುದಿಲ್ಲ. ಒಂದು ಕೆಲಸ ಮಾಡಿಸುತ್ತದೆ, ಇನ್ನೊಂದು ಜೀವ ಹುಟ್ಟಿಸುವ ಮೈಯ ಲಕ್ಷಣ. ಎರಡಕ್ಕೂ ಒಂದೇ ಹೆಸರು ಇರುವುದರಲ್ಲಿ ನಾಚಿಕೆಯೇನೂ ಇಲ್ಲ. ಆ ನಾಚಿಕೆಗೆ ಹೆದರಿ ಕಸುಬಿನ ಪದವನ್ನೇ ಹೂತುಹಾಕಿದ್ದು ನಮ್ಮ ನಷ್ಟ.

ಅಪ್ಪನ ಮುಟ್ಟು ಗಂಡುಮಕ್ಕಳಿಗೆ ಎಂಬುದು ರೂಢಿ. ಬಾಚಿ, ಉಳಿ, ಇಕ್ಕಳ ಮಗನಿಗೆ. ಮಗಳಿಗೆ ಪಾತ್ರೆ, ಒಡವೆ. ಕಾನೂನು ಹಾಗೆ ಹೇಳುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಸ್ಪ್ಯಾನರಿಗಿಂತ ಸ್ವಯಾರ್ಜಿತ ಬೇರೆ ಯಾವುದಿದೆ? ಆದರೂ ವಿಭಾಗಪತ್ರಗಳಲ್ಲಿ ಸೈಟು ಬರುತ್ತದೆ, ಚಿನ್ನ ಬರುತ್ತದೆ. ಬೆಂಚು, ವೈಸು ಬಂದದ್ದನ್ನು ನಾನು ಕಂಡಿಲ್ಲ. ನಮ್ಮ ಮನೆಯಲ್ಲಿ ಜಗಳವಿಲ್ಲದೆ ತೀರ್ಮಾನವಾಯಿತು. ಅಣ್ಣ ಮೂಲೆಮಟ್ಟವನ್ನು ಬೆಂಗಳೂರಿಗೆ ಒಯ್ದರು, ಅವರ ಬಾಡಿಗೆ ಮನೆಯಲ್ಲಿ ಅದಕ್ಕಷ್ಟೇ ಜಾಗ. ಅರಗಳು, ಬೆಂಚು, ವೈಸು ನನ್ನವು. ವಿಟ್‌ವರ್ತ್ ಸ್ಪ್ಯಾನರುಗಳು ಹಳೆಯ ಲೇತು ರಿಪೇರಿ ಮಾಡುವ ಒಬ್ಬರ ಕೈಸೇರಿವೆ. ಅವರಿಗೆ ಅವು ದಿನಾ ಬೇಕು.

ಈ ಭಾಗದಲ್ಲಿ ಇಂಥ ಶೆಡ್ಡುಗಳು ಇನ್ನೂ ಬಹಳ ಇವೆ. 2001ರ ಫೆಬ್ರವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆಗ ಕೆಲಸ ಕಳೆದುಕೊಂಡ ಫಿಟ್ಟರು, ಟರ್ನರು, ವೆಲ್ಡರು, ಬಡಗಿಗಳು ರಾಬರ್ಟ್‌ಸನ್‌ಪೇಟೆಯಲ್ಲೂ ಮಾರಿಕುಪ್ಪದಲ್ಲೂ ಬಂಗಾರಪೇಟೆಯಲ್ಲೂ ಮನೆಯ ಹಿತ್ತಲಿನಲ್ಲೇ ಕೆಲಸ ಮುಂದುವರಿಸಿದರು. ಅವರ ಮಕ್ಕಳು ಬೆಳಗಿನ ಕತ್ತಲಲ್ಲೇ ಮಾರಿಕುಪ್ಪದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಬರುತ್ತಾರೆ. ಅವರಿಗೆ ಬಿಡುವಿಲ್ಲ. ಆ ತಲೆಮಾರಿನ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಜೊತೆಗೆ ಮುಟ್ಟುಗಳ ಹೆಸರುಗಳೂ, ಅವನ್ನು ಹಿಡಿಯುವ ರೀತಿಯೂ ಹೋಗುತ್ತಿವೆ. ಮುಟ್ಟು ತುಕ್ಕು ಹಿಡಿದರೆ ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ತೆಳ್ಳಗೆ ಎಣ್ಣೆ ಹಚ್ಚಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಹೆಸರು ಮರೆತರೆ ಹಾಗೆ ಉಜ್ಜಿ ತರಲಾಗುವುದಿಲ್ಲ.

ನಿಮ್ಮ ಅಟ್ಟದಲ್ಲೋ ಹಿತ್ತಲಲ್ಲೋ ಅಪ್ಪನ, ಅಜ್ಜನ ಪೆಟ್ಟಿಗೆ ಇದ್ದರೆ ಗುಜರಿಯವರಿಗೆ ಫೋನು ಮಾಡುವ ಮೊದಲು ಆ ಕಸುಬು ಬಲ್ಲ ಒಬ್ಬ ಹಿರಿಯರನ್ನು ಮನೆಗೆ ಕರೆಯಿರಿ. ಕಾಫಿ ಕೊಟ್ಟು ಕೂರಿಸಿ, ಒಂದೊಂದನ್ನೂ ಅವರ ಕೈಗಿಟ್ಟು ಅದರ ಹೆಸರೇನು, ಎಲ್ಲಿಗೆ ಬೇಕು, ಹೇಗೆ ಹಿಡಿಯಬೇಕು ಎಂದು ಕೇಳಿ ಬರೆದುಕೊಳ್ಳಿ. ನಿಮಗೆ ಬೇಕಾದದ್ದು ಇಟ್ಟುಕೊಳ್ಳಿ, ಉಳಿದದ್ದನ್ನು ಐಟಿಐ ಕಲಿಯುವ ಹುಡುಗನಿಗೋ ಹುಡುಗಿಗೋ ಕೊಡಿ. ಆ ಪಟ್ಟಿಯ ತಲೆಯಲ್ಲಿ ‘ಸಾಮಾನು’ ಎಂದು ಬರೆಯಬೇಡಿ, ‘ಮುಟ್ಟುಗಳು’ ಎಂದು ಬರೆಯಿರಿ.